ಹನ್ನೆರಡನೆಯ ಕುರ್ಚಿ

ಡೆಲ್ಬರ್ಟ್ ಚಿಕ್ಕಜ್ಜ ಮಾರ್ಚ್ ತಿಂಗಳ ಕೊನೆಯಲ್ಲಿ ತೀರಿಕೊಂಡರು. ಆಗ ಓರಿನ್ ಎಲ್ಲರಂತೆ ಟೋಪಿ ತೆಗೆದು ತಲೆ ತಗ್ಗಿಸಿದ. ತಗ್ಗಿಸಿದ ತಲೆಯೊಳಗೆ ಮಾತ್ರ ಒಂದು ಕುರ್ಚಿ ಎದ್ದು ನಿಂತಿತು. ಅವನು ದುಷ್ಟನಲ್ಲ. ಚಿಕ್ಕಜ್ಜನ ಹೊಲವಾಗಲಿ ಟ್ರ್ಯಾಕ್ಟರಾಗಲಿ ಅವನಿಗೆ ಬೇಕಿರಲಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಆಲ್ವಿನಾ ಅಜ್ಜಿಯ ಓಕ್ ಮೇಜಿನಲ್ಲಿ ಚಿಕ್ಕಜ್ಜ ಕೂರುತ್ತಿದ್ದ ಜಾಗವೊಂದು ಸಿಕ್ಕರೆ ಸಾಕಿತ್ತು.

ಆ ಮೇಜಿಗೆ ಹನ್ನೆರಡು ಕುರ್ಚಿಗಳು. ಹದಿಮೂರು ಅಶುಭವೆಂದು ಹದಿಮೂರನೆಯದನ್ನು ಹಾಕಲು ಅಜ್ಜಿ ಬಿಡುತ್ತಿರಲಿಲ್ಲ. ಒಮ್ಮೆ ಮಾತ್ರ ಹಾಕಿದ್ದರು. ಹತ್ತು ವರ್ಷದ ಓರಿನ್ ಅಂದು ತಂದೆತಾಯಿಯರ ನಡುವೆ ಕುಳಿತು ಉಂಡಿದ್ದ. ಕ್ರಿಸ್‌ಮಸ್‌ಗೆ ಮುಂಚೆಯೇ ಕಾರು ಹಿಮದ ರಸ್ತೆಯಲ್ಲಿ ಜಾರಿ ಆ ಇಬ್ಬರೂ ತೀರಿಕೊಂಡರು. ಅವರ ಕುರ್ಚಿಗಳು ಬೇರೆ ದೊಡ್ಡವರಿಗೆ ಹೋದವು, ಓರಿನ್ ಮಕ್ಕಳ ಸಾಲಿಗೆ ಹೋದ. ಅಂದಿನಿಂದ ಆ ಮನೆಯ ಲೆಕ್ಕ ಸರಳವಾಯಿತು: ಕಳೆದ ಮೇಲೆಯೇ ಕೂಡಿಸುವುದು. ದೊಡ್ಡವರಲ್ಲಿ ಒಬ್ಬರು ಸತ್ತರೆ ಪಕ್ಕದ ಕೋಣೆಯ ಮಕ್ಕಳ ಮೇಜಿನಿಂದ ಒಬ್ಬರಿಗೆ ಬಡ್ತಿ. ಆಮೇಲೆ ಎರಡು ಸಲ ಕುರ್ಚಿ ತೆರವಾಯಿತು. ಎರಡು ಸಲವೂ ಅಜ್ಜಿ ಓರಿನ್‌ನನ್ನು ಬಿಟ್ಟು ಅವನಿಗಿಂತ ಚಿಕ್ಕವರ ಹೆಸರು ಹೇಳಿದರು.

ಹೀಗಾಗಿ, ಮುಸುಕಿನ ಜೋಳದ ಗೋದಾಮಿನಲ್ಲಿ ಲಾರಿಗಳ ತೂಕ ನೋಡುವ, ತಲೆಯ ನೆತ್ತಿ ಬರಿದಾದ ನಲವತ್ತನಾಲ್ಕರ ಓರಿನ್, ಪ್ರತಿ ಹಬ್ಬಕ್ಕೂ ಪಿಯಾನೋದ ಗಿಡ್ಡ ಸ್ಟೂಲಿನ ಮೇಲೆ, ಮೊಣಕಾಲುಗಳನ್ನು ಗಲ್ಲಕ್ಕೆ ತಾಗಿಸಿಕೊಂಡು, ಬಕೆಟ್ಟಿನಲ್ಲಿ ಸಿಕ್ಕಿಬಿದ್ದ ಕೊಕ್ಕರೆಯಂತೆ ಊಟ ಮಾಡುತ್ತಿದ್ದ.

ಅದನ್ನೂ ಸಹಿಸಬಹುದಿತ್ತು. ಆದರೆ ಊಟಕ್ಕೆ ಮೊದಲು ಓಕ್ ಮೇಜಿನವರು ಒಬ್ಬೊಬ್ಬರಾಗಿ ತಾವು ಯಾವುದಕ್ಕೆ ಕೃತಜ್ಞರೆಂದು ಹೇಳುವ ಪದ್ಧತಿಯಿತ್ತು. ಮಕ್ಕಳ ಮೇಜನ್ನು ಯಾರೂ ಕೇಳುತ್ತಿರಲಿಲ್ಲ. ತನ್ನನ್ನು ಸಾಕಿದ ಅಜ್ಜಿಗೆ ಹೇಳಬೇಕಾದ ಒಂದು ಮಾತು ಓರಿನ್‌ನ ಎದೆಯಲ್ಲಿ ಬಾಲ್ಯದಿಂದಲೂ ಉಳಿದಿತ್ತು. ಬೇರೆ ದಿನ ಹೇಳಬಹುದಿತ್ತಲ್ಲ ಎಂದರೆ, ಅಮೆರಿಕದ ಅಯೋವಾ ಸೀಮೆಯ ಗಂಡಸರು ಬೇರೆ ದಿನಗಳಲ್ಲಿ ಹವಾಮಾನದ ಹೊರತು ಏನನ್ನೂ ಹೇಳುವುದಿಲ್ಲ. ಅಜ್ಜಿಗೆ ಈಗ ತೊಂಬತ್ತೊಂದು. ಕಣ್ಣಿಗೆ ಮಂಜು ಕವಿದು ಮುಖಗಳು ಅಳಿಸಿಹೋಗಿದ್ದವು. ಯಾರು ಯಾವ ಕುರ್ಚಿಯಲ್ಲಿದ್ದಾರೆ ಎಂಬುದರಿಂದ ಮನುಷ್ಯರನ್ನು ಗುರುತಿಸುತ್ತಿದ್ದರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಹೋಗುವ ಹಾದಿಯಲ್ಲಿತ್ತು. ಈ ವರ್ಷ ಹೇಳದಿದ್ದರೆ ಆ ಮಾತನ್ನು ಸ್ಮಶಾನದ ಕಲ್ಲಿಗೆ ಹೇಳಬೇಕಾದೀತು.

ಆದ್ದರಿಂದ ಹಬ್ಬದ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದ ಓರಿನ್, ಬೂಟಿನ ಹಿಮವನ್ನೂ ಒದರದೆ ನೇರವಾಗಿ ಊಟದ ಕೋಣೆಗೆ ಹೋದ. ಪ್ರತಿ ತಟ್ಟೆಯ ಮುಂದೆ ಮಕ್ಕಳು ತಮ್ಮ ಅಂಗೈಯ ಗೆರೆ ಎಳೆದು, ಹೆಬ್ಬೆರಳನ್ನು ತಲೆಯಾಗಿ, ಉಳಿದ ಬೆರಳುಗಳನ್ನು ಬಾಲವಾಗಿ ಮಾಡಿದ ಟರ್ಕಿ ಕೋಳಿಯ ಚೀಟಿ ಇತ್ತು. ಅದರ ಮೇಲೆ ಹೆಸರು. ಡೆಲ್ಬರ್ಟ್ ಚಿಕ್ಕಜ್ಜನ ಕುರ್ಚಿ ಅಜ್ಜಿಯ ಕುರ್ಚಿಗೆ ಎದುರಾಗಿ ಮೇಜಿನ ಕೊಟ್ಟಕೊನೆಯಲ್ಲಿತ್ತು. ಅಲ್ಲಿದ್ದ ಕೋಳಿಯ ಹೊಟ್ಟೆಯ ಮೇಲೆ ‘ಗ್ಯಾರೆಟ್’ ಎಂದು ಬರೆದಿತ್ತು.

ಗ್ಯಾರೆಟ್ ಎಂದರೆ ಅಜ್ಜಿಯ ಮಗಳು ಲವೋನ್ ಅತ್ತೆಯ ಅಳಿಯ, ಜೋಲೀನ್‌ಳ ಗಂಡ. ಮದುವೆಯಾಗಿ ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ. ಬದುಕಿರುವವರಿಗೆ ಅವರ ಅಂತ್ಯಸಂಸ್ಕಾರವನ್ನು ಮುಂಗಡವಾಗಿ ಮಾರುವುದು, ಸತ್ತ ಮೇಲೆ ಅದನ್ನು ನಡೆಸಿಕೊಡುವುದು ಅವನ ಕಸುಬು.

ಓರಿನ್ ಆ ಚೀಟಿಯನ್ನು ತೆಗೆದು ಸ್ಟೂಲಿನ ಮುಂದಿಟ್ಟ. ಸ್ಟೂಲಿನ ಮುಂದಿದ್ದ ತನ್ನ ಚೀಟಿಯನ್ನು ತಂದು ಇಲ್ಲಿಟ್ಟ. ತಿರುಗಿದರೆ ಬಾಗಿಲಲ್ಲಿ ಸಂಬಂಧಿಕರ ಹುಡುಗಿ, ಏಳು ವರ್ಷದ ಟೆಸ್.

“ನಾನು ನೋಡಿದೆ” ಎಂದಳು.

“ಏನು ಬೇಕು ನಿಂಗೆ?”

“ನಿನ್ನ ಪಾಲಿನ ಕುಂಬಳದ ಪೈ. ಮೇಲಿನ ಕೆನೆ ಸಮೇತ.”

ಒಪ್ಪಂದವಾಯಿತು. ಸ್ವಲ್ಪ ಹೊತ್ತಿಗೆ ಲವೋನ್ ಅತ್ತೆ ಬೆಣ್ಣೆಯ ಬಟ್ಟಲು ಹಿಡಿದು ಬಂದವಳು ಮೇಜಿನ ತುದಿಯಲ್ಲಿ ಗಕ್ಕನೆ ನಿಂತಳು.

“ಯಾರು ಇದನ್ನ ಮುಟ್ಟಿದ್ದು?”

“ಓರಿನ್ ಮುಟ್ಟಿದ್ದು ಅಂತ ನಾನು ಹೇಳಲ್ಲ, ಮಾತು ಕೊಟ್ಟಿದ್ದೀನಿ” ಎಂದಳು ಟೆಸ್.

ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. “ನಾಚಿಕೆ ಆಗಲ್ವೇನೋ ನಿಂಗೆ? ಹೊಸ ಅಳಿಯನ್ನ ಮಕ್ಕಳ ಜೊತೆ ಕೂರಿಸ್ಲಾ? ಅವನ ಮನೆಯವರು ಏನಂದಾರು?”

“ಅತ್ತೆ, ನಂಗೆ ನಲವತ್ತನಾಲ್ಕು.”

“ವಯಸ್ಸು ಎಲ್ಲರಿಗೂ ಆಗತ್ತೆ ಕಣೋ. ಕುರ್ಚಿ ಎಲ್ಲರಿಗೂ ಆಗಲ್ಲ. ನಿಂಗೆ ಅಲ್ಲಿ ಅಭ್ಯಾಸ ಇದೆ, ಮಕ್ಕಳಿಗೂ ನಿನ್ನ ಅಭ್ಯಾಸ ಇದೆ. ಹೋಗು, ನೆಲಮಾಳಿಗೆಯಿಂದ ದೊಡ್ಡ ಪಾತ್ರೆ ತಗೊಂಡು ಬಾ.”

ನೆಲಮಾಳಿಗೆಯ ತೊಲೆ ಅವನ ನೆತ್ತಿಗೆ ಬಡಿಯಿತು. ಪಾತ್ರೆ ತಂದರೆ ಅದು ಬೇಡ, ಇನ್ನೊಂದು ಬೇಕೆಂದಳು ಅತ್ತೆ. ತೊಲೆ ಎರಡನೆಯ ಸಲವೂ ಕರ್ತವ್ಯ ಮರೆಯಲಿಲ್ಲ. ನೆತ್ತಿಯ ಮೇಲೆ ಮೊಟ್ಟೆ ಗಾತ್ರದ ಬುಗುಟು ಹೊತ್ತು ಓರಿನ್ ಕೊನೆಯ ಪ್ರಯತ್ನಕ್ಕೆಂದು ಹಿಂದಿನ ವರಾಂಡಕ್ಕೆ ಹೋದ. ಅಲ್ಲಿ ಗ್ಯಾರೆಟ್ ಹಿಮ ನೋಡುತ್ತ ಕಾಫಿ ಕುಡಿಯುತ್ತಿದ್ದ.

“ಗ್ಯಾರೆಟ್, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಆ ಕುರ್ಚಿ ಸರಿಯಿಲ್ಲ. ಅದರಲ್ಲಿ ಕೂತ ಮೂರು ಜನಾನೂ ಸತ್ತಿದ್ದಾರೆ.”

“ನಮ್ಮ ಕಸುಬಲ್ಲಿ ಅದನ್ನ ಅಶುಭ ಅನ್ನಲ್ಲ ಓರಿನ್, ವ್ಯಾಪಾರ ಅಂತೀವಿ.” ಗ್ಯಾರೆಟ್ ಮೃದುವಾಗಿ ನಕ್ಕು, ಓರಿನ್‌ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, “ನೀವು ಉದ್ದ ಇದ್ದೀರಿ. ಮುಂಚೆಯೇ ಹೇಳಿದ್ರೆ ಅನುಕೂಲ” ಎಂದು ಶವಪೆಟ್ಟಿಗೆಗಳ ಚಿತ್ರವಿದ್ದ ಬಣ್ಣದ ಕಾಗದವೊಂದನ್ನು ಕೈಗಿತ್ತ.

ಮಧ್ಯಾಹ್ನ ಎಲ್ಲರೂ ಕುಳಿತರು. ಟರ್ಕಿ ಕೋಳಿ ಮೇಜಿನ ನಡುವೆ, ಕಾಲುಗಳನ್ನು ಕಟ್ಟಿಸಿಕೊಂಡು, ತನ್ನ ಪಾಲಿಗೆ ಕೃತಜ್ಞವಾಗಿರಲು ಏನೂ ಇಲ್ಲದ ಒಂದೇ ಪ್ರಾಣಿಯಾಗಿ ಮಲಗಿತ್ತು. ಓರಿನ್ ತೆರೆದ ಬಾಗಿಲಿನಾಚೆ ಸ್ಟೂಲಿನ ಮೇಲೆ ಮಡಿಸಿಕೊಂಡಿದ್ದ. ಅಜ್ಜಿ ಊರುಗೋಲು ಊರುತ್ತ ಬಂದು ತಮ್ಮ ಜಾಗದಲ್ಲಿ ನಿಂತು, ಎದುರು ತುದಿಯತ್ತ ಕಣ್ಣು ಕಿರಿದಾಗಿಸಿದರು.

“ಡೆಲ್ಬರ್ಟ್! ನಿನ್ನ ಹೂತು ಬಂದ್ವಲ್ಲೋ!”

ಗ್ಯಾರೆಟ್‌ನ ಕೈಯಿಂದ ಚಮಚ ಜಾರಿತು. ಲವೋನ್ ಅತ್ತೆ ಅಜ್ಜಿಯ ಬಲಗಿವಿಗೆ ಬಾಯಿಟ್ಟು ಕೂಗಿದಳು: “ಅದು ಡೆಲ್ಬರ್ಟ್ ಅಲ್ಲಮ್ಮಾ! ಗ್ಯಾರೆಟ್! ನಮ್ಮ ಜೋಲೀನ್ ಗಂಡ!”

“ಹಾಗಾ? ಆ ಹುಡುಗನಿಗೆ ಹೇಳಿದ್ದೀಯಾ? ಡೆಲ್ಬರ್ಟ್ ಈಸ್ಟರ್ ಊಟದ ದಿನ ಆ ಕುರ್ಚಿಯಲ್ಲೇ ಕೂತು ಸತ್ತದ್ದು. ಗೆಣಸಿನ ಬಟ್ಟಲು ಅವನ ಹತ್ರ ಹೋಗೋವರೆಗೂ ಯಾರಿಗೂ ಗೊತ್ತಾಗಲಿಲ್ಲ. ಗೆಣಸು ಬೇಡ ಅಂದವನೇ ಅಲ್ಲ ಅವನು.”

ಯಾರೂ ಹೇಳಿರಲಿಲ್ಲವೆಂಬುದು ಗ್ಯಾರೆಟ್‌ನ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರಾರ್ಥನೆ ಆರಂಭವಾಯಿತು. ಲವೋನ್ ಅತ್ತೆಯ ಪ್ರಾರ್ಥನೆ ದೀರ್ಘವಾದದ್ದು. ಅದರಲ್ಲಿ ಹಂದಿಯ ಬೆಲೆಯಿಂದ ಪಾದ್ರಿಯ ಬೆನ್ನುನೋವಿನವರೆಗೆ ಎಲ್ಲವೂ ಬರುತ್ತಿತ್ತು. ಎಲ್ಲರ ಕಣ್ಣುಗಳೂ ಮುಚ್ಚಿದ್ದವು. ಯಾರೋ ಹೆಗಲು ತಟ್ಟಿದಂತಾಗಿ ಓರಿನ್ ಕಣ್ಣು ತೆರೆದ. ಗ್ಯಾರೆಟ್ ತುದಿಗಾಲಿನಲ್ಲಿ ಬಂದು ನಿಂತಿದ್ದ.

“ಸತ್ತವರನ್ನ ತೊಳೀತೀನಿ, ಬಟ್ಟೆ ಹಾಕ್ತೀನಿ, ಮಾತೂ ಆಡಿಸ್ತೀನಿ” ಎಂದು ಪಿಸುಗುಟ್ಟಿದ. “ಆದ್ರೆ ಅವರ ಜಾಗದಲ್ಲಿ ಕೂತು ಉಣ್ಣೋಕಾಗಲ್ಲ ಮಾರಾಯ್ರೇ. ಹೋಗಿ, ಕುರ್ಚಿ ನಿಮ್ಮದೇ.”

ಅತ್ತೆ ‘ಆಮೆನ್’ ಎಂದು ಕಣ್ಣು ತೆರೆದಾಗ ಅಳಿಯನ ಜಾಗದಲ್ಲಿ ಸೋದರಳಿಯನಿದ್ದ. ಅವಳು ಕಣ್ಣಿನಲ್ಲೇ ಅವನ ಚರ್ಮ ಸುಲಿದಳು. ಆದರೆ ಕೃತಜ್ಞತೆ ಹೇಳುವ ಹೊತ್ತಿನಲ್ಲಿ ಬೈಯುವಂತಿರಲಿಲ್ಲ. ಓರಿನ್ ಬೆನ್ನು ನೆಟ್ಟಗೆ ಮಾಡಿ ಕುಳಿತ. ಮೊಣಕಾಲುಗಳು ಮೇಜಿನ ಕೆಳಗೆ ನಿರಾಳವಾಗಿ ಚಾಚಿದವು. ಆ ಮಾತನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಸರಿಮಾಡಿಕೊಂಡ. ಮೊದಲು ಅಜ್ಜಿ ಹೇಳುವುದು, ಆಮೇಲೆ ಎರಡೂ ಬದಿಯವರು, ಕೊನೆಗೆ ಎದುರು ತುದಿಯಲ್ಲಿದ್ದ ಅವನು.

ಆದರೆ ಅಜ್ಜಿ ಕೂರಲಿಲ್ಲ. “ನಾನು ಈ ಸಲ ದೇವರಿಗೆ ಹೇಳಲ್ಲ. ಅವನ ಹತ್ರ ಬೇಗನೇ ಹೋಗ್ತೀನಿ, ಅಲ್ಲೇ ಹೇಳಿದ್ರಾಯ್ತು” ಎಂದು ಊರುಗೋಲು ತಿರುಗಿಸಿದರು. “ನಾನು ಹೇಳಬೇಕಾಗಿರೋದು ಓರಿನ್‌ಗೆ.”

ಅವರು ಪಕ್ಕದ ಕೋಣೆಗೆ ನಡೆದರು. ನೇರವಾಗಿ ಸ್ಟೂಲಿನ ಬಳಿ ಹೋಗಿ, ಅದರ ಮೇಲೆ ಕುಳಿತಿದ್ದವನ ಹೆಗಲ ಮೇಲೆ ಕೈಯಿಟ್ಟರು. ಗ್ಯಾರೆಟ್‌ನ ಬಾಯಿಯಲ್ಲಿ ಅರ್ಧ ಬನ್ನು ಇತ್ತು.

“ಅಮ್ಮಾ, ಅದು...” ಎಂದು ಅತ್ತೆ ಏಳಹೋದಳು.

“ಲವೋನ್, ನೀನು ಹುಟ್ಟಿದಾಗಿನಿಂದ ಮಾತಾಡ್ತಾನೇ ಇದ್ದೀಯ. ಒಂದು ನಿಮಿಷ ಸುಮ್ಮನಿರು.”

ಕಿವುಡರ ದನಿ ಅಜ್ಜಿಯದು. ಅವರ ಗುಟ್ಟು ಬೀದಿಯ ಆಚೆಗೂ ಕೇಳುವಂಥದ್ದು.

“ಹದಿಮೂರನೆಯವನು ಅಂತ ನಿನ್ನ ಹೊರಗೆ ಹಾಕಿದೆ ಅಂದ್ಕೊಂಡಿದ್ದೀಯ, ಗೊತ್ತು ನಂಗೆ. ಹಾಗಲ್ಲಪ್ಪ. ನಿಮ್ಮಪ್ಪ ಅಮ್ಮ ಹೋದ ಮೇಲೆ ನೀನು ಒಂದು ವರ್ಷ ತುಟಿ ಬಿಚ್ಚಲಿಲ್ಲ. ಮುಂದಿನ ಹಬ್ಬಕ್ಕೆ ಈ ಮೇಜಲ್ಲಿ ಯಾವುದೋ ಮಗು ಮೂಗಿಗೆ ಬನ್ನು ಸಿಕ್ಕಿಸಿಕೊಂಡಿತು, ನೀನು ನಕ್ಕೆ. ನಾನು ಅಲ್ಲಿಂದ ಕೇಳಿದೆ. ನಗು ಬಂದ ಜಾಗ ಬಿಡಿಸಬಾರದು ಅಂತ ನಿನ್ನ ಇಲ್ಲೇ ಬಿಟ್ಟೆ. ಆಮೇಲೆ ನನಗೇ ಚಟ ಆಯ್ತು. ನಾನು ಆ ಕುರ್ಚೀಲಿ ಯಾಕೆ ಕೂರೋದು? ನನ್ನ ಒಳ್ಳೇ ಕಿವಿ ಈ ಕಡೆಗಿರತ್ತೆ ಅಂತ. ಪ್ರತಿ ವರ್ಷ ನೀನು ನಗೋದು ಕೇಳಿದ ಮೇಲೆಯೇ ನಾನು ಊಟಕ್ಕೆ ಕೈ ಹಾಕೋದು. ಅದಕ್ಕೆ ಥ್ಯಾಂಕ್ಸ್ ಕಣೋ ಮಗೂ. ಈಗ ನೀನೂ ಏನಾದ್ರೂ ಹೇಳು.”

ಅವರು ಬಾಗಿ ಬಲಗಿವಿಯನ್ನು ಗ್ಯಾರೆಟ್‌ನ ಬಾಯಿಗೆ ಹಿಡಿದರು. ಓರಿನ್ ಎದ್ದು ನಿಂತಿದ್ದ. ಗ್ಯಾರೆಟ್ ಅವನತ್ತ ನೋಡಿದ, ಬನ್ನು ನುಂಗಿದ, ಮುದುಕಿಯ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಶೋಕದ ಮನೆಗಳಲ್ಲಿ ವಾರಕ್ಕೆ ಹಲವು ಸಲ ಆಡುವ ದನಿಯಲ್ಲಿ, ಕಿವಿಗೆ ಹತ್ತಿರವಾಗಿ ಹೇಳಿದ:

“ನೀವು ಇದ್ದಿದ್ದಕ್ಕೇ ನಾವೆಲ್ಲ ಇದ್ದೀವಿ.”

ಅಜ್ಜಿಯ ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಓರಿನ್ ಆ ಮುಖವನ್ನು ಹಾಗೆ ನೋಡಿರಲಿಲ್ಲ. ಅವರು ಹಿಂತಿರುಗಿ ಬಂದು ಕುಳಿತಾಗ ಅತ್ತೆ ಮತ್ತೆ ಬಾಯಿ ತೆರೆದಳು. ಓರಿನ್ ಬೇಡವೆಂದು ತಲೆಯಾಡಿಸಿದ.

ಸುತ್ತು ಮುಂದುವರಿಯಿತು. ಸಕ್ಕರೆ ಕಾಯಿಲೆಯ ಹಾರ್ಲನ್ ಮಾವ, ಕಾಲಿನ ಒಂದೇ ಬೆರಳು ಹೋಗಿ ಪಾದ ಉಳಿದದ್ದಕ್ಕೆ ಕೃತಜ್ಞನೆಂದ. ಜೋಲೀನ್ ತನ್ನ ಗಂಡನಿಗೆ ಕೃತಜ್ಞಳೆಂದು ಹೇಳಿ, ಅವನೆಲ್ಲಿ ಎಂದು ಕತ್ತು ತಿರುಗಿಸಿ ಹುಡುಕಿದಳು. ಕೊನೆಗೆ ಓರಿನ್‌ನ ಸರದಿ ಬಂತು.

“ಅಜ್ಜಿ,” ಎಂದ. ತಟ್ಟೆಯತ್ತ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ: “ಆ ಚಳಿಗಾಲದಲ್ಲಿ ದಿನಾ ನೀವು ನನ್ನ ಹಾಸಿಗೆ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರಿ. ನಾನು ನಿದ್ದೆ ಮಾಡಿದ್ದೀನಿ ಅಂದ್ಕೊಂಡಿದ್ರಿ. ಮಾಡಿರಲಿಲ್ಲ. ನಂಗೆ ಗೊತ್ತಿತ್ತು. ಅದಕ್ಕೆ... ಥ್ಯಾಂಕ್ಸ್.”

ಆ ದನಿಗೆ ಮೇಜು ತೀರ ಉದ್ದವಾಗಿತ್ತು. ಅಜ್ಜಿ ಅತ್ತೆಯತ್ತ ವಾಲಿದರು. “ಏನಂದ?”

ಲವೋನ್ ಅತ್ತೆ ಕರವಸ್ತ್ರದಿಂದ ಮೂಗೊರೆಸಿಕೊಂಡು, “ಥ್ಯಾಂಕ್ಸ್ ಅಂದನಮ್ಮಾ” ಎಂದು ಕೂಗಿದಳು.

“ಜೋಲೀನ್ ಗಂಡ ತಾನೆ? ಉದ್ದಕ್ಕೆ ಮಾತಾಡ್ದ. ಪಾಪ, ಮಾತೇ ಅವನ ಕಸುಬು.” ಅಜ್ಜಿ ಊಟದ ವಸ್ತ್ರವನ್ನು ತೊಡೆಯ ಮೇಲೆ ಹಾಸಿಕೊಂಡರು. “ನಮ್ಮ ಓರಿನ್‌ನ ನೋಡು. ಒಂದೇ ಮಾತು ಹೇಳಿದ. ಹೊಟ್ಟೆ ತುಂಬಿತು.”

ಓರಿನ್ ಕುಳಿತುಕೊಂಡ. ಪಕ್ಕದ ಕೋಣೆಯಲ್ಲಿ ಟೆಸ್ ಒಂದು ಬನ್ನನ್ನು ಗ್ಯಾರೆಟ್‌ನ ಮೂಗಿಗೆ ಸಿಕ್ಕಿಸಿದಳು. ಮಕ್ಕಳು ಕಿರುಚಿದರು. ಗ್ಯಾರೆಟ್, ಕಸುಬಿನ ದನಿಯನ್ನೆಲ್ಲ ಮರೆತು, ಹೊಟ್ಟೆ ಹಿಡಿದುಕೊಂಡು ನಕ್ಕ.

ಅಜ್ಜಿ ಬಲಗಿವಿಯನ್ನು ಅತ್ತ ಹೊರಳಿಸಿ, ಕೇಳಿ, ತಲೆದೂಗಿ, ಊಟಕ್ಕೆ ಕೈ ಹಾಕಿದರು.

ಬಟ್ಟಲುಗಳು ಕೈಯಿಂದ ಕೈಗೆ ಸಾಗತೊಡಗಿದವು. ಗೆಣಸು ತನ್ನ ಬಳಿ ಬಂದಾಗ ಎಲ್ಲರೂ ಮಾತು ನಿಲ್ಲಿಸಿ ತನ್ನತ್ತಲೇ ನೋಡುತ್ತಿರುವುದು ಓರಿನ್‌ನ ಗಮನಕ್ಕೆ ಬಂತು. ಆ ಕುರ್ಚಿಯಲ್ಲಿ ಕುಳಿತವನು ಬದುಕಿದ್ದಾನೆಂದು ತೋರಿಸಬೇಕಾದ ಹೊತ್ತು ಅದು. ಅವನು ಎರಡು ಚಮಚ ಬಡಿಸಿಕೊಂಡ.