ಅತ್ತೆ ಇಲ್ಲದ ಮಡು

ಅತ್ತೆ ಸತ್ತುಹೋಗಿದ್ದಳು.

ಬೆಳಿಗ್ಗೆ ನೀರು ತರಲು ಹೊಳೆಗೆ ಇಳಿದ ಹಸಿಂತೊ, ಮಡುವಿನ ಅಂಚಿನ ವಿಲ್ಲೋ ಮರದ ಬೇರಿನ ಸಂದಿಯಲ್ಲಿ ಅವಳ ಬಾಲ ಕಂಡು ಕೆಟಲನ್ನೇ ಕೈಬಿಟ್ಟ. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ; ಹೆಂಡತಿಯೇ ಇಲ್ಲದವನಿಗೆ ಅತ್ತೆ ಎಲ್ಲಿಂದ ಬರಬೇಕು? ಇವಳು ಟ್ರೌಟ್ ಮೀನು. ಇಡೀ ಪತಗೋನಿಯಾದ ಹೊಳೆಗಳಲ್ಲಿ ಇಂಥದ್ದು ಇನ್ನೊಂದಿರಲಿಲ್ಲ ಎಂದು ನಾನು ಯಾವ ಚರ್ಚಿನಲ್ಲಿ ಬೇಕಾದರೂ ಆಣೆ ಮಾಡುತ್ತೇನೆ. ಅವಳು ಮಗ್ಗುಲು ಬದಲಿಸಿದರೆ ಕೆಳಗೆ ನೀರು ಕುಡಿಯುತ್ತಿದ್ದ ಕುರಿಗಳ ಹೊಟ್ಟೆ ನೆನೆಯುತ್ತಿತ್ತು. ಗಾಳಕ್ಕೆ ಗರಿ, ರೇಷ್ಮೆದಾರ ಸುತ್ತಿ ಕಟ್ಟಿದ ಸುಳ್ಳು ನೊಣವನ್ನು ಎಷ್ಟೇ ನಾಜೂಕಾಗಿ ಮುಂದೆ ತೇಲಿಬಿಟ್ಟರೂ ಹತ್ತಿರ ಬಂದು, ಮೇಲಿಂದ ಕೆಳಗೆ ಒಮ್ಮೆ ನೋಡಿ, ಮೂತಿ ತಿರುವಿ ಹೊರಟುಹೋಗುತ್ತಿದ್ದಳು. ಮದುವೆಯಾದ ಯಾರೋ ಅತಿಥಿ ಅದನ್ನು ಕಂಡ ತಕ್ಷಣ ಆ ಹೆಸರಿಟ್ಟಿದ್ದ.

ಅವಳನ್ನು ಗಾಳಕ್ಕೆ ಕೆಡವಿದವರು ಒಬ್ಬರೇ, ಬ್ಯೂನಸ್ ಐರಿಸ್‌ನ ಹಲ್ಲಿನ ಡಾಕ್ಟರು ಬೆರೀಸೊ. ಅದೂ ಬಹಳ ಹಿಂದೆ, ಒಂದೇ ಸಲ. ಹಿಡಿದ ಮೀನನ್ನು ನೋಯಿಸದೆ ನೀರಿಗೆ ಬಿಡಬೇಕೆಂಬುದು ಗಾಳ ಹಾಕಲು ಬರುವವರು ತಂಗುವ ನಮ್ಮ ಲಾಡ್ಜಿನ ಕಟ್ಟಳೆ, ಬಿಟ್ಟಿದ್ದರು. ಅಂದಿನಿಂದ ಪ್ರತಿ ವರ್ಷ, ಹಂಗಾಮು ಮುಗಿಯುವ ವಾರ, ಅವಳನ್ನು ಇನ್ನೊಮ್ಮೆ ಹಿಡಿಯಲು ಬರುತ್ತಿದ್ದರು. ಹಸಿಂತೊ ಅವರ ಗೈಡು.

ಉಳಿದ ಅತಿಥಿಗಳು ಹಸಿಂತೊನನ್ನು ಕೇಳುತ್ತಿದ್ದುದು ಒಂದೇ ಮಾತು, "ಮೀನೆಲ್ಲಿ?" ಡಾಕ್ಟರು ಮಾತ್ರ ಅವನ ಮಂಡಿನೋವು ಕೇಳುತ್ತಿದ್ದರು, ತೀರಿಕೊಂಡ ಅಣ್ಣನ ವಿಷಯ ಕೇಳುತ್ತಿದ್ದರು, ಹೇಳಿದ್ದನ್ನು ಮರುವರ್ಷದ ತನಕ ನೆನಪಿಟ್ಟುಕೊಳ್ಳುತ್ತಿದ್ದರು. ಹತ್ತಿರದ ಊರಿಗೆ ಕುದುರೆಯೇರಿ ಹೊರಟ ಯುವಕ ಮುದುಕನಾಗಿ ತಲುಪುವಂಥ ಜಾಗ ನಮ್ಮದು. ಅಲ್ಲಿ ಹಸಿಂತೊ ಆ ಒಂದು ವಾರದ ಮಾತನ್ನು ಒಣಮಾಂಸದಂತೆ ತೂಗುಹಾಕಿಕೊಂಡು, ದಿನಕ್ಕಿಷ್ಟು ಕೊಯ್ದುಕೊಂಡು, ವರ್ಷವಿಡೀ ಬದುಕುತ್ತಿದ್ದ.

ಅತ್ತೆ ಇಲ್ಲವೆಂದರೆ ಡಾಕ್ಟರು ಇನ್ನೇಕೆ ಬಂದಾರು? ನಾಳೆ ಹೊರಡುವವರಿದ್ದಾರೆ. ಇವತ್ತೊಂದು ದಿನ ಗೊತ್ತಾಗದಿದ್ದರೆ ಸಾಕು, ಮುಂದಿನ ವರ್ಷ ಬಂದೇ ಬರುತ್ತಾರೆ.

ನೀರಿಗೆ ತೇಲಿಬಿಡೋಣವೆಂದರೆ ಡಾಕ್ಟರು ನಿಲ್ಲುವುದೇ ಕೆಳಗಿನ ತಿರುವಿನಲ್ಲಿ. ದಡದಲ್ಲಿ ಬಿಡೋಣವೆಂದರೆ ಹದ್ದುಗಳು ಆಗಲೇ ಸುತ್ತುತ್ತಿದ್ದವು. ಇಷ್ಟು ವರ್ಷ ಮೂತಿ ತಿರುವಿದವಳ ಮೂತಿಯನ್ನು ಹದ್ದು ಕುಕ್ಕುವುದೇ? ಹಸಿಂತೊ ಎದೆಯವರೆಗೆ ಬರುವ ತನ್ನ ರಬ್ಬರ್ ಪ್ಯಾಂಟಿನೊಳಗೆ ಅತ್ತೆಯನ್ನು ಇಳಿಬಿಟ್ಟುಕೊಂಡು, ಮೇಲೆ ಕಂಬಳಿ ಹೊದ್ದು ಹೊರಟ. ಹೊಟ್ಟೆಗೆ ಹಿಮದ ಗುಡ್ಡವನ್ನೇ ಕಟ್ಟಿಕೊಂಡ ಹಾಗಾಯಿತು.

ದಾರಿಯಲ್ಲೇ ಯಜಮಾನಿ ಇಂಗ್ರಿದ್ ಎದುರಾದಳು. ಟ್ರೌಟ್ ಕೊಂದವನಿಗೆ ಅವಳ ಲಾಡ್ಜಿನಲ್ಲಿ ಮರುದಿನದ ಊಟವಿಲ್ಲ. ಹಿಂದೆ ಒಬ್ಬ ಗೈಡಿನ ಬೂಟಿಗೆ ಮೀನಿನ ಒಂದು ಹುರುಪೆ ಅಂಟಿತ್ತೆಂದು ಅವನನ್ನು ಗಂಟುಮೂಟೆ ಸಮೇತ ಕಳಿಸಿದ್ದಳು.

"ಏನೋ ಹಸಿಂತೊ, ಹೊಟ್ಟೆ ಹೀಗೆ ಮುಂದೆ ಬಂದಿದೆ?"

"ಗ್ಯಾಸು, ಸೆನ್ಯೋರ."

"ರಾತ್ರಿ ಬೀನ್ಸ್ ಜಾಸ್ತಿ ತಿಂದಿದ್ದಿ."

"ಬೀನ್ಸು ಬಿಟ್ಟು ಇನ್ನೇನ್ ಕೊಟ್ಟಿದ್ರಿ?"

ಅಷ್ಟರಲ್ಲಿ ಲಾಡ್ಜಿನ ನಾಯಿ ಬಂದು ಅವನ ಹೊಟ್ಟೆಗೆ ಮೂಗು ಒತ್ತಿ, ಕಳೆದುಹೋದ ತಾಯಿಯನ್ನು ಕಂಡಂತೆ ಊಳಿಡತೊಡಗಿತು. "ನಾಯಿಗಳಿಗೆ ಕಾಯಿಲೆ ಮೊದಲೇ ಗೊತ್ತಾಗುತ್ತಂತೆ. ಹೋಗಿ ಸೋಂಪು ಕುದಿಸ್ಕೊಂಡು ಕುಡಿ," ಎಂದು ಯಜಮಾನಿ ಕರುಣೆಯಿಂದ ಹೇಳಿದಳು. ಹಸಿಂತೊ ಬಸುರಿಯಂತೆ ಹೊಟ್ಟೆ ಹಿಡಿದುಕೊಂಡು ಓಡಿದ. ನಾಯಿ ಅವನ ಹಿಂದೆ ಓಡಿತು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಕುರಿತೊಡೆಯ ಹಿಂದೆ ಮಲಗಿಸಿದ. ಸಂಜೆ ಗುಡ್ಡದ ಮೇಲೆ ಮರ್ಯಾದೆಯಾಗಿ ಹೂಳುವುದೆಂದು ಮನಸ್ಸಿನಲ್ಲೇ ಮಾತುಕೊಟ್ಟ. ಹೊರಗಿನಿಂದ ಡಾಕ್ಟರು ಕೂಗುತ್ತಿದ್ದರು, "ಏ ಮುದುಕಾ, ಬರ್ತೀಯೋ? ಅತ್ತೆ ಕಾಯ್ತಿದ್ದಾಳೆ!"

ಇಬ್ಬರೂ ಸೊಂಟಮಟ್ಟದ ನೀರಿಗಿಳಿದು ನಿಂತರು. ನಮ್ಮ ಕಣಿವೆಯ ಗಾಳಿಯೆಂದರೆ ಸಾಮಾನ್ಯವಲ್ಲ. ಇಲ್ಲಿ ಮೇಯುವ ಕುರಿಗಳಲ್ಲಿ ಅರ್ಧ ಚಿಲಿಯಿಂದ ಹಾರಿಬಂದವು, ಅವುಗಳ ಕಿವಿಯ ಗುರುತು ನೋಡಿಯೇ ಹೇಳುತ್ತಿದ್ದೇನೆ. ಅಂದು ಆ ಗಾಳಿಗೆ ಆಲಿಕಲ್ಲೂ ಸೇರಿತ್ತು. ಡಾಕ್ಟರು ಎಸೆದ ಸುಳ್ಳು ನೊಣ ನೀರಿಗೆ ಬೀಳುವ ಬದಲು ತಿರುಗಿ ಬಂದು ಹಸಿಂತೊನ ಟೋಪಿಗೆ ಸಿಕ್ಕಿತು. ಎರಡನೇ ಸಲ ಕಿವಿಗೆ.

"ಕೊನೆಗೂ ಒಂದು ಬಿತ್ತು ನೋಡು!" ಡಾಕ್ಟರು ಗಾಳ ಬಿಡಿಸುತ್ತ ನಕ್ಕರು. "ಕಟ್ಟಳೆ ಪ್ರಕಾರ ನಿನ್ನನ್ನೂ ನೀರಿಗೆ ಬಿಡ್ಬೇಕು."

"ಬಿಡಿ ಡಾಕ್ಟ್ರೇ. ಮೊದಲು ಕಿವಿ ಕೊಡಿ."

ಖಾಲಿ ಮಡುವಿಗೆ ನೊಣ ಎಸೆಯುವ ಆ ಬಿಳಿತಲೆಯನ್ನು ಹಸಿಂತೊ ನೋಡುತ್ತ ನಿಂತ. ಡಾಕ್ಟರ ಬಲಭುಜ ಮೇಲೇಳುತ್ತಿರಲಿಲ್ಲ. ಎಡಗೈಯಿಂದ ಮೊಣಕೈಯನ್ನು ಎತ್ತಿಕೊಟ್ಟು ಎಸೆಯುತ್ತಿದ್ದರು. ಸಾಕು ಬನ್ನಿ ಎನ್ನಲು ಬಾಯಿ ತೆರೆದ. ಆಗಲೇ ಡಾಕ್ಟರು ಚೀರಿದರು, "ಅಗೋ! ಬಾಲ! ಕಂಡೆಯಾ?"

ಹಸಿಂತೊ ನೀರಿನತ್ತ ನೋಡಲೇ ಇಲ್ಲ. ಬಾಲ ಫ್ರಿಜ್ಜಿನಲ್ಲಿ, ಕುರಿತೊಡೆಯ ಹಿಂದೆ ಇದೆ. ಪಾಪ, ಡಾಕ್ಟರ ಕಣ್ಣೂ ಹೋಯಿತು.

"ಕಂಡೆ, ಕಂಡೆ! ಆ ಬಂಡೆ ಹತ್ರ!" ಎಂದ.

"ಬಂಡೆ ಹತ್ರಾನಾ?" ಡಾಕ್ಟರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಮೆಲ್ಲಗೆ, "ಹೌದು ಹೌದು, ಬಂಡೆ ಹತ್ರಾನೇ. ದಪ್ಪ ಆಗಿದ್ದಾಳೆ, ಅಲ್ವಾ?"

"ಊಟ ಚೆನ್ನಾಗಿ ಸೇರ್ತಿದೆ ಡಾಕ್ಟ್ರೇ, ಏನೂ ಯೋಚ್ನೆ ಮಾಡ್ಬೇಡಿ. ಮುಂದಿನ ವರ್ಷ ಇನ್ನೂ ದಪ್ಪ ಇರ್ತಾಳೆ."

ಹೀಗೆ ಮಧ್ಯಾಹ್ನ ಕಳೆದು ಹೊತ್ತು ಇಳಿಯುವವರೆಗೂ ಇಬ್ಬರು ಮುದುಕರು ಆಲಿಕಲ್ಲಿನಲ್ಲಿ ಹಲ್ಲು ಕಟಕಟಿಸುತ್ತ ನಿಂತರು. ಅವರ ಹಲ್ಲಿನ ಸದ್ದಿಗೆ ಮರಕುಟಿಗಗಳು ಬಂಧುಗಳು ಬಂದರೆಂದು ಉತ್ತರ ಕೊಡುತ್ತಿದ್ದವು.

ಮರಳಿ ಬಂದಾಗ ಅಡುಗೆಮನೆಯಿಂದ ಬೆಣ್ಣೆ, ನಿಂಬೆ, ಬೆಳ್ಳುಳ್ಳಿಯ ಘಮ ಅಂಗಳಕ್ಕೇ ಬಂದಿತ್ತು. ಹಸಿಂತೊ ಬೂಟು ಬಿಚ್ಚದೆ ಅಡುಗೆಮನೆಯತ್ತ ಧಾವಿಸಿದ. ಅಡುಗೆಯ ದೋನ್ಯಾ ಒತಿಲಿಯಾ ಸೆರಗಿನಂತೆ ಏಪ್ರನ್ ಹಾರಿಸುತ್ತ ಎದುರು ಬಂದಳು.

"ಹಸಿಂತೊ, ಪವಾಡ ಕೇಳಿದ್ಯಾ? ಹೊಳೆ ತುಂಬಾ ಟ್ರೌಟು, ನನ್ನ ಕೈಗೆ ಮಾತ್ರ ಡಬ್ಬಿ ಟ್ಯೂನಾ, ಇಷ್ಟು ವರ್ಷ ಇದೇ ಹಣೇಬರಹ. ಇವತ್ತು ಫ್ರಿಜ್ ತೆಗೀತೀನಿ, ಮಗೂನಷ್ಟು ದೊಡ್ಡ ಮೀನು! ಡಾಕ್ಟ್ರು ಹೊರಡೋ ಊಟ ಅಂತ ಯಜಮಾನಿ ಮನಸ್ಸು ಕರಗಿರ್ಬೇಕು. ಪೇಪರ್‌ನಲ್ಲಿ ಸುತ್ತಿ ಗುಟ್ಟಾಗಿ ಇಟ್ಟಿದ್ಲು, ಪುಣ್ಯಾತ್ಗಿತ್ತಿ."

"ದೋನ್ಯಾ, ಅದು..." ಹಸಿಂತೊ ಹಿಂತಿರುಗಿ ನೋಡಿದ. ಡಾಕ್ಟರು ಹಿಂದೆಯೇ ಬೂಟು ಬಿಚ್ಚುತ್ತಿದ್ದರು.

ಅತಿಥಿಗಳೂ ಗೈಡುಗಳೂ ಒಂದೇ ಮೇಜಿಗೆ ಕೂರುವುದು ನಮ್ಮಲ್ಲಿಯ ರೂಢಿ. ದೋನ್ಯಾ ಒತಿಲಿಯಾ ತಟ್ಟೆ ತಂದಿಟ್ಟಳು. ಅತ್ತೆ ತಲೆಯಿಂದ ಬಾಲದವರೆಗೆ ಹೊಂಬಣ್ಣಕ್ಕೆ ತಿರುಗಿ, ಬಾಯಲ್ಲಿ ನಿಂಬೆಹೋಳು ಕಚ್ಚಿಕೊಂಡು, ನೆರೆದವರೆಲ್ಲರನ್ನೂ ಎಂದಿನ ತಾತ್ಸಾರದಿಂದ ನೋಡುತ್ತಿದ್ದಳು.

"ಇದು... ಯಾವ ಮೀನು?" ಯಜಮಾನಿಯ ಧ್ವನಿ ಹಾಲಿನಂತೆ ಒಡೆಯಿತು.

"ನೀವೇ ಇಟ್ಟಿದ್ದಲ್ವಾ ಸೆನ್ಯೋರ?"

ಅತಿಥಿಗಳ ಮುಂದೆ ಕಿರುಚುವಂತಿಲ್ಲ. ಯಜಮಾನಿ ತುಟಿ ಅಗಲಿಸಿ ನಕ್ಕಳು. ಕಣ್ಣು ಮಾತ್ರ ಮೇಜಿನ ಸುತ್ತ ಒಬ್ಬೊಬ್ಬ ಗೈಡನ್ನೂ ನೇಣಿಗೆ ಹಾಕುತ್ತ ಹೋಯಿತು. "ಊಟ ಆಗ್ಲಿ. ಆಮೇಲೆ ಮಾತಾಡೋಣ," ಎಂದಳು.

ಹಸಿಂತೊ ಡಾಕ್ಟರ ಮುಖ ನೋಡಿದ. ಡಾಕ್ಟರು ತಟ್ಟೆಯ ಮೀನನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಶಾಂತವಾಗಿ ಫೋರ್ಕು ತೆಗೆದುಕೊಂಡು, "ದೊಡ್ಡ ತುಂಡು ಹಾಕಿ ದೋನ್ಯಾ," ಎಂದರು. ಗುರುತು ಹತ್ತಲಿಲ್ಲ! ದೇವರೇ, ಗುರುತು ಹತ್ತಲಿಲ್ಲ! ಹಸಿಂತೊನ ತಟ್ಟೆಗೂ ಒಂದು ತುಂಡು ಬಿತ್ತು. ತಿನ್ನದಿದ್ದರೆ ಅನುಮಾನ. ಅವನು ತಿಂದ. ಅದರ ರುಚಿಯನ್ನು ಬಣ್ಣಿಸಲು ನನ್ನಿಂದಲೂ ಆಗುವುದಿಲ್ಲ. ಕಣ್ಣಲ್ಲಿ ನೀರು ಬಂದಾಗ, "ಬೆಳ್ಳುಳ್ಳಿ ಜಾಸ್ತಿ ಆಯ್ತು," ಎಂದ. "ಹೌದು, ನಂಗೂ," ಎಂದು ಡಾಕ್ಟರೂ ಕಣ್ಣೊರೆಸಿಕೊಂಡರು.

ಊಟವಾದ ಮೇಲೆ ಜಗಲಿಯಲ್ಲಿ ಡಾಕ್ಟರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಗುಡ್ಡದ ಅಂಚಿನಲ್ಲಿ ಇನ್ನೂ ಬೆಳಕಿತ್ತು.

"ಅತ್ತೆ ಮೆತ್ತಗಿದ್ಲು ಕಣೋ. ಆ ಸ್ವಭಾವಕ್ಕೆ ಹೀಗಿರ್ತಾಳೆ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ಯಾವ ಅತ್ತೆ ಡಾಕ್ಟ್ರೇ? ಅವಳು ಮಡೂನಲ್ಲಿ..."

"ಏ ಮುದುಕಾ. ಜೀವಮಾನವೆಲ್ಲ ಬಾಯಿ ನೋಡ್ಕೊಂಡೇ ಬದುಕಿದೋನು ನಾನು. ಆ ಕೆಳದವಡೆ ಹರಿದಿದ್ದು ನನ್ನ ಗಾಳಕ್ಕೇ. ನಿಂಬೆಹಣ್ಣು ಇಟ್ಟು ಮುಚ್ಚಿದ್ರೆ ಮರೆತುಹೋಗುತ್ತಾ? ನಿನ್ನೆ ಸಂಜೆ ದಡದಲ್ಲಿ ಸತ್ತು ಬಿದ್ದಿದ್ಲು. ನೀನು ನೋಡ್ಬಾರ್ದು ಅಂತ ಆ ಬೇರಿನ ಸಂದೀಲಿ ತುರುಕಿದ್ದು ನಾನೇ."

ಹಸಿಂತೊ ಥಟ್ಟನೆ ಅವರ ಕಡೆ ತಿರುಗಿದ. "ಹಾಗಾದ್ರೆ ಬೆಳಿಗ್ಗೆ ನೀವು ಬಾಲ ಕಂಡಿದ್ದು?"

"ನಿನಗೋಸ್ಕರ. ನೀನು ಬಂಡೆ ಹತ್ರ ಕಂಡಿದ್ದು?"

"ನಿಮಗೋಸ್ಕರ."

ಇಬ್ಬರೂ ನಕ್ಕರು. ಜಗಲಿಯ ಕಂಬ ಅಲುಗುವಷ್ಟು ನಕ್ಕರು. ನಗು ನಿಂತಾಗ ಡಾಕ್ಟರು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

"ಈ ಭುಜ ಸತ್ತು ಬಹಳ ಕಾಲ ಆಯ್ತು ಹಸಿಂತೊ. ಬಸ್ಸಿನ ಕುಲುಕಾಟಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಪ್ರತಿ ವರ್ಷ ಇದೇ ಕೊನೆ ಅಂದ್ಕೋತಿದ್ದೆ. ನಾನು ಬರದಿದ್ರೆ ಅತ್ತೆ ವಿಷಯ ನೀನು ಯಾರ ಹತ್ರ ಮಾತಾಡ್ತೀಯ ಅನ್ನಿಸ್ತಿತ್ತು. ಮುಂದಿನ ವರ್ಷಾನೂ ಬರೋದು ಅಂತಾನೇ ಅವಳನ್ನ ಬಚ್ಚಿಟ್ಟಿದ್ದು. ಆದ್ರೆ ನೀನು ನನಗಿಂತ ಗಟ್ಟಿಗ. ಅಳಲಿಲ್ಲ, ಕರೆಯಲಿಲ್ಲ, ಬೆಣ್ಣೆ ಹಾಕಿ ಬೇಯಿಸಿ ಬೀಳ್ಕೊಟ್ಟೆ. ನಿನ್ನ ಮನಸ್ಸು ಗಟ್ಟಿಯಾಗಿದೆ ಅಂತ ಗೊತ್ತಾಯ್ತು. ಇನ್ನು ನಾನು ನೆಮ್ಮದಿಯಾಗಿ ಮನೇಲಿರ್ಬಹುದು. ನೀನೇ ಹೇಳಿ ಮಾಡಿಸಿದ್ದು ತಾನೇ?"

ಇಲ್ಲ ಡಾಕ್ಟ್ರೇ, ದೋನ್ಯಾಗೆ ಗೊತ್ತಿಲ್ಲದೆ ಆಗಿದ್ದು, ನೀವು ಮತ್ತೆ ಬರಲಿ ಅಂತಲೇ ನಾನೂ ಬಚ್ಚಿಟ್ಟೆ ಎಂಬ ಮಾತು ಅಷ್ಟೂ ಹಸಿಂತೊನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಈ ಮನುಷ್ಯ ಆ ಕೈಯನ್ನು ಎತ್ತಿಕೊಂಡು ಮುಂದಿನ ವರ್ಷವೂ ಬಸ್ಸು ಹತ್ತುವುದು ಖಂಡಿತ. ಅವನು ಆ ಕೈಯನ್ನೇ ನೋಡಿದ.

"ಹೌದು ಡಾಕ್ಟ್ರೇ," ಎಂದ. "ನಾನೇ ತಂದು ಕೊಟ್ಟಿದ್ದು. ನಾನೇ ಮಾಡ್ಸಿದ್ದು."

"ನೀನೇನಾ?"

ಬಾಗಿಲಲ್ಲಿ ಯಜಮಾನಿ ಇಂಗ್ರಿದ್ ನಿಂತಿದ್ದಳು. ಅವಳ ಹಿಂದೆ, ಕೆಲಸ ಹೋಯಿತೆಂದೇ ಅಳುತ್ತಿದ್ದ ದೋನ್ಯಾ ಒತಿಲಿಯಾ ಅಳು ನಿಲ್ಲಿಸಿ, ನಿಟ್ಟುಸಿರು ಬಿಟ್ಟು ಶಿಲುಬೆಯ ಗುರುತು ಹಾಕಿಕೊಂಡಳು.

"ನನ್ನ ಹೊಳೆಯ ಮೀನು ಕೊಂದು ನನ್ನ ಮೇಜಿನ ಮೇಲೇ ಇಡಿಸಿದ್ಯಾ? ನಾಳೆ ಬೆಳಿಗ್ಗೆ ಡಾಕ್ಟ್ರನ್ನ ಬಸ್ಸಿಗೆ ಬಿಡೋ ಗಾಡೀನೇ ಹತ್ತು. ಮುಂದಿನ ಹಂಗಾಮಿಗೆ ಈ ಕಡೆ ಮುಖ ಹಾಕ್ಬೇಡ."

ಮಾಡಿಸಿದ್ದು ತಾನಲ್ಲ ಎಂಬ ಒಂದು ಮಾತು ಸಾಕಿತ್ತು. ಆ ಮಾತನ್ನು ಡಾಕ್ಟರ ಎದುರಿಗೇ ಆಡಬೇಕಿತ್ತು. "ಆಗ್ಲಿ ಸೆನ್ಯೋರ," ಎಂದ ಹಸಿಂತೊ.

"ಅದು ಮೊದಲೇ ಸತ್ತಿತ್ತು..." ಎಂದು ಡಾಕ್ಟರು ಹೇಳುವಷ್ಟರಲ್ಲಿ ಬಾಗಿಲು ದಢಾರನೆ ಮುಚ್ಚಿತು. ಡಾಕ್ಟರು ಬಾಗಿಲನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ಅವರ ಮುಖ ಅರಳಿತು. ಎಡಗೈಯಿಂದ ಅವನ ಬೆನ್ನು ಚಪ್ಪರಿಸಿದರು.

"ಒಳ್ಳೇದೇ ಆಯ್ತು ಬಿಡೋ ಮುದುಕಾ! ನಿನಗೂ ಈ ಮಂಡೀಲಿ ತಣ್ಣೀರಲ್ಲಿ ನಿಲ್ಲೋದು ಸಾಕಾಗಿರ್ಲಿಲ್ವಾ? ಪಾಪ, ನನಗೋಸ್ಕರ ಇಷ್ಟು ವರ್ಷ ತಡ್ಕೊಂಡೆ."

"ಹೌದು ಡಾಕ್ಟ್ರೇ," ಎಂದ ಹಸಿಂತೊ. "ತುಂಬಾ ಸಾಕಾಗಿತ್ತು."