ಸಾವಕಾರ್ರ ಸೋಲಾರ, ನನ್ನ ಹಪ್ಪಳ

ನಮ್ಮ ಮನ್ಯಾಗಿನ ಟಿವಿ ಕೆಟ್ಟ ಎರಡ ವರ್ಷ ಆತು, ನಾ ರಿಪೇರಿ ಮಾಡಸಿಲ್ಲ. ಎದರ ಮನಿ ಇರೂತನಕ ಟಿವಿ ಯಾಕ ಬೇಕು? ಎದರ ಮನಿ ಅಂದ್ರ ಸಾವಕಾರರದು. ಸೊಲ್ಲಾಪುರ ಪ್ಯಾಟ್ಯಾಗ ಅವರದು ಚಾದರ ಅಂಗಡಿ. ಅವರ ಮಾಳಿಗಿ ಮ್ಯಾಲ ಸೋಲಾರ ಕುಂತಾಗಿಂದ ನಮ್ಮ ಓಣ್ಯಾಗ ವಾರಕ್ಕೊಂದು ಏನರ ನಡದ ನಡೀತೈತಿ. ನಾ ಸಾಲ್ಯಾಗ ಎರಡನೇ ಇಯತ್ತಾತನಕ ಕಲಿತಾಕಿ. ಅಕ್ಷರ ತಪ್ಪಿದ್ರ ತಿದ್ದಿ ಓದ್ರಿ. ಸುದ್ದಿ ಮಾತ್ರ ತಿದ್ದಬ್ಯಾಡ್ರಿ, ಅದು ಕಣ್ಣಾರೆ ಕಂಡದ್ದು.

ಕಳ್ಳ ಬೆಂಕಿ

ಮೊದಲ ಬಂದದ್ದು ನೀರ ಕಾಸೂ ಸೋಲಾರ. ಥಂಡಿ ದಿನ. ಸಾವಕಾರ್ತಿಯ ಅವ್ವ ವಾಗದರಿ ಹಳ್ಳಿಯಿಂದ ಬಂದಿದ್ಲು. ಬಚ್ಚಲಕ್ಕ ಹೋಗಿ ನಾಕೂ ಮೂಲಿ ನೋಡಿದ್ಲು.

"ಒಲಿ ಎಲ್ಲಿ ಐತಿ ಅಳಿಯಾ?"

"ಒಲಿ ಇಲ್ರಿ ಅತ್ತಿ. ಸೂರ್ಯಾನ ಕಾಸ್ತಾನ."

"ಹೊಗಿ?"

"ಹೊಗೀನೂ ಇಲ್ಲ."

"ಹೊಗಿ ಇಲ್ಲದ ನೀರ ಕಾಯ್ತಾವಂತ! ನನಗ ಹೇಳಾಕ ಬಂದ," ಅಂತ ಮುದುಕಿ ನಳ ತಿರುವಿ ಸೀದಾ ಕೈ ಒಡ್ಡಿದ್ಲು. ಆಕಿ ಚೀರಿದ್ದು ನಮ್ಮ ಅಡಗಿ ಮನಿತನಕ ಕೇಳಿಸ್ತು. ನಾ ಓಡಿ ಹೋದೆ. ಇಂಥಾ ಹೊತ್ತಿನ್ಯಾಗ ನನ್ನ ಮೊಳಕಾಲ ನೋಯೂದಿಲ್ಲ. ಸಾವಕಾರ ಮಾತ್ರ ಬಾಗಲಾಗ ನಿಂತು ಖುಷಿಲೆ ಕೇಳಾಕತ್ತಿದ್ದ, "ಕಾದಾವೋ ಇಲ್ಲೋ ಅತ್ತಿ?"

ಮುದುಕಿ ಕೈ ಊದಕೋತ ಅಂದ್ಲು, "ಒಲಿ ಬೆಂಕಿ ಮರ್ಯಾದಸ್ತ ಬೆಂಕಿ. ಕಣ್ಣಿಗೆ ಕಾಣತೈತಿ, ಹೊಗಿ ಬಿಟ್ಟು ದೂರ ನಿಲ್ಲು ಅಂತ ಹೇಳತೈತಿ. ಇದು ಕಳ್ಳ ಬೆಂಕಿ. ನಿನ್ನ ಹಂಗ, ನಕ್ಕೋತ ನಿಂತ ಸುಡತೈತಿ!"

ಪುಕ್ಕಟ ಜಳಕ

ಸಾವಕಾರಗ ಬಾಯಿ ತಡಿಯೂದಿಲ್ಲ. ಅಕ್ಕಲಕೋಟದಾಗ ಬೀಗರ ಮುಂದೆಲ್ಲ, "ನಮ್ಮ ಮನ್ಯಾಗ ಬಿಸಿನೀರು ಪುಕ್ಕಟ. ಎಷ್ಟ ಮಂದಿ ಬರ್ರಿ, ಎಷ್ಟ ಹಾಕ್ಕೋರಿ," ಅಂದು ಬಂದಿದ್ದ. ಅವರಿಗೆ ಲಗ್ನದ ಅರಿವಿ ತಗೊಳ್ಳೂದಿತ್ತು. ಒಂದಿನ ಮುಂಜಾನೆ ಆರೂವರಿಗೆ ಗಾಡಿ ಮಾಡಿಕೊಂಡು ಬಂದ್ರು. ಎಲ್ಲಾರ ಕೈಯಾಗೂ ಟಾವೆಲ್! ಊರಾಗ ಒಬ್ಬರೂ ಜಳಕ ಮಾಡಿ ಬಂದಿರಲಿಲ್ಲ.

ಎಲ್ಲಾರದೂ ಮುಗದ ಮ್ಯಾಲ ಸಾವಕಾರ ಬಚ್ಚಲಕ್ಕ ಹೋದ. ಹೋದವ ಹಂಗ ಹೊಳ್ಳಿ ಬಂದು ಹೇಣ್ತಿಗಿ ಅಂದ, "ಏ, ನೀರು ಬರಫ ಆಗ್ಯಾವ."

ಆಕಿ ಭಕ್ಕರಿ ಬಡಕೋತ ಅಂದ್ಲು, "ಸೂರ್ಯಾ ಈಗ ಎದ್ದಾನ್ರಿ. ಮಧ್ಯಾಹ್ನ ಬರ್ರಿ, ನಿಮ್ಮ ಪಾಳಿ ಬರತೈತಿ."

ಪಾಪ, ತಣ್ಣೀರ ಹಾಕ್ಕೊಂಡು ನಡಗಕೋತ ಅಂಗಡಿಗಿ ಹೋಗಿ, ಹೊಸಾ ಚಾದರ ಒಂದು ಹೊತ್ಕೊಂಡು ಕುಂತ. ಮೊದಲನೇ ಗಿರಾಕಿ ಬಂದವ ಎಲ್ಲಾ ಚಾದರ ಬಿಡಿಸಿ ನೋಡಿ, ಕಡೀಕ ಬೆರಳ ಮಾಡಿ ತೋರಿಸಿದ, "ನನಗ ಇದ ಬೇಕ್ರಿ, ನೀವ ಹೊತ್ತದ್ದು."

ಬ್ಯಾಂಕಿನ ಬಾಯಿ

ಆಮ್ಯಾಲ ಕರೆಂಟ ಮಾಡೂ ಕರೀ ಪ್ಲೇಟು ಬಂದವು. ಮಾಳಿಗಿ ತುಂಬ ಪ್ಲೇಟು. ಅವತ್ತಿಂದ ಸಾವಕಾರ ದಿನಾ ಮುಂಜಾನೆ ಮಾಳಿಗಿ ಏರಾಂವ, ಅರ್ಧ ತಾಸು ಇಳಿಯಾಂವಲ್ಲ. ಹಿಂದಿನ ಮಾಳಿಗಿ ಮ್ಯಾಲ ಬ್ಯಾಂಕಿನ್ಯಾಗ ನೌಕರಿ ಮಾಡೂ ಹೆಣಮಗಳು, ನಮ್ಮ ಓಣಿ ಬಾಯಾಗ ಬ್ಯಾಂಕಿನ ಬಾಯಿ, ಅರಿವಿ ಒಣಾ ಹಾಕೂದೂ ಅದ ಹೊತ್ತಿಗೆ. ನಾ ಎರಡಕ್ಕೂ ಗಂಟ ಹಾಕಿದೆ. ಎಂಟ ದಿನ ನೋಡಿದೆ. ಒಂಬತ್ತನೇ ದಿನ ಹೊಟ್ಟಿ ಉಬ್ಬಿ ತಡೀಲಾರದ ಸಾವಕಾರ್ತಿ ಕಿವ್ಯಾಗ ಹೇಳಿದೆ, "ತಂಗಿ, ನಾ ಏನೂ ಅನ್ನೂದಿಲ್ಲ. ನೀನ ಹೋಗಿ ನೋಡು."

ಆಕಿ ಬಳಿ ಸಪ್ಪಳ ಆಗದಂಗ ಮ್ಯಾಲೇರಿದ್ಲು. ಹಿಂದ ನಾನೂ ಏರಿದೆ. ನೋಡ್ತೀವಿ, ಸಾವಕಾರ ಪ್ಲೇಟಿನ ಮ್ಯಾಲ ಬೋರಲ ಬಿದ್ದು ಧೂಳ ಒರಸಾಕತ್ಯಾನ. ಒರಸೂ ಅರಿವಿ ಯಾವುದು? ಸಾವಕಾರ್ತಿಯ ಇಳಕಲ್ ಸೀರಿ!

"ಮೆತ್ತಗ ಇತ್ತು, ಪ್ಲೇಟಿನ ಗಾಜಿಗೆ ಗೀರ ಬೀಳೂದಿಲ್ಲಂತ…" ಅಂದ.

"ಬ್ಯಾಂಕಿನ ಬಾಯೀನ ನೋಡಿದ್ರ ಒಂದ ವ್ಯಾಳ್ಯಾ ಸುಮ್ಮನಾಗ್ತಿದ್ದೆ," ಅಂದ್ಲು ಸಾವಕಾರ್ತಿ. "ನನ್ನ ಇಳಕಲ್ ಸೀರಿ!"

ಹಪ್ಪಳ

ಚಾಡಿ ಹೇಳಿದ್ದು ನಾನು ಅಂತ ಸಾವಕಾರಗ ತಿಳೀತು. ಮಾಳಿಗಿಗೆ ಕೀಲಿ ಜಡದ. "ಆಯಿ, ಇನ್ನ ಮುಂದ ನೀವು ಈ ಪಾವಟಿಗಿ ಏರೂದಿಲ್ಲ," ಅಂದ.

ಇನ್ನ ನನ್ನ ಹಪ್ಪಳ ಎಲ್ಲಿ ಒಣಗಬೇಕು? ಅಕ್ಕಲಕೋಟದಾಗ ನನ್ನ ಮಗಳ ಮಗಳ ಲಗ್ನ ಗೊತ್ತಾಗಿತ್ತು. ನಮ್ಮ ಕಡೆ ಹೆಣ್ಣಿನವರು ಮಂಟಪದಾಗ ರುಖವತ ಇಡಬೇಕು. ಹಪ್ಪಳ, ಕುರಡಗಿ, ಉಂಡಿ ಎಲ್ಲಾ ಓರಣಾಗಿ ಜೋಡಿಸಿ ಇಟ್ರ ಗಂಡಿನ ಕಡಿ ಹೆಂಗಸರು ಮುಟ್ಟಿ ಮುಟ್ಟಿ ನೋಡಿ, ಕುಂದ ಹುಡುಕಿ ಹೆಸರಿಡತಾರ. ಹಪ್ಪಳ ನನ್ನ ಪಾಲಿಗೆ ಬಂದಿದ್ದವು. ನಮ್ಮದು ತಗಡಿನ ಪತ್ರಾಸ ಮನಿ, ಏರಾಕ ಬರೂದಿಲ್ಲ. ಓಣ್ಯಾಗ ಹಾಕಿದ್ರ ಆಡು ತಿಂತಾವ. ಇಷ್ಟ ವರ್ಷ ಒಣಗಿಸಿದ್ದು ಸಾವಕಾರ್ರ ಮಾಳಿಗಿ ಮ್ಯಾಲ.

ಸಾವಕಾರ್ತೀಗೆ ಸೀರಿ ಸಿಟ್ಟು ಇನ್ನೂ ಆರಿರಲಿಲ್ಲ. ಗಂಡ ಅಂಗಡಿಗಿ ಹೋದ ಮ್ಯಾಲ ಕೀಲಿ ತಗದ್ಲು. ಹೋಗಿ ನೋಡಿದ್ರ ನೆಲದ ಮ್ಯಾಲ ಬರೇ ಪ್ಲೇಟಿನ ನೆರಳು. ಬಿಸಲು ಎಲ್ಲಾ ಪ್ಲೇಟಿನ ಮ್ಯಾಲ.

"ಬಿಸಲ ಹಿಡಿಯೂದ ಇವುಗಳ ಕೆಲಸ ಅಲ್ಲೇನು ಆಯಿ? ಇಲ್ಲೇ ಹಾಕೂಣು," ಅಂದ್ಲು. ಅದ ಕೆಟ್ಟ ಇಳಕಲ್ ಸೀರಿ ತಂದು, ಇಳಿಜಾರಿಗೆ ಜಾರಬಾರದಂತ ನಾಕೂ ಚುಂಗು ಕಟ್ಟಿ ಹಾಸಿದ್ಲು. ಸಾಲದ್ದಕ್ಕ ನನ್ನ ಎರಡು ಹಳೇ ಸೀರಿ. ಹತ್ತಕ್ಕ ಹರವೂದು, ನಾಕಕ್ಕ ತಗಿಯೂದು.

ಅತ್ತ ಅಂಗಡ್ಯಾಗ ಸಾವಕಾರ ಮೊಬೈಲನ್ಯಾಗ ಪ್ಲೇಟಿನ ಲೆಕ್ಕ ನೋಡ್ತಾನ, ಕರೆಂಟ ಅರ್ಧಕ್ಕಿಂತ ಕಮ್ಮಿ! ಮೆಕ್ಯಾನಿಕ್‌ನ ಕರಸಿದ. ಅಂವ ಸಂಜೀ ಐದಕ್ಕ ಬಂದು ವಾಯರ ಎಲ್ಲಾ ನೋಡಿ, "ಏನೂ ಆಗಿಲ್ರಿ," ಅಂದ. ಮೂರ ದಿನ ಹಿಂಗ. ಮೂರನೇ ದಿನ ಸಾವಕಾರ ಓಣಿ ಕೂಡಿಸಿ ಮೆಕ್ಯಾನಿಕ್‌ಗ ಬೈದ, "ಡುಪ್ಲಿಕೇಟ ಪ್ಲೇಟು ಹಾಕಿ ನನಗ ಟೋಪಿ ಹಾಕೀರಿ!" ನಾನೂ ನಿಂತು, "ಹೌದಪಾ, ಈಗಿನ ಕಾಲದ ಸಾಮಾನ ಎಲ್ಲಾ ಹಿಂಗ," ಅಂದೆ.

ನಾಕನೇ ದಿನ ಸಾವಕಾರ, ಮೆಕ್ಯಾನಿಕ್ ಇಬ್ಬರೂ ಹೇಳದ ಕೇಳದ ಮಧ್ಯಾಹ್ನ ಹನ್ನೆರಡಕ್ಕ ಬಂದ್ರು. ನಾವು ಹಪ್ಪಳ ಹೊಳ್ಳಿಸಿ ಹಾಕಾಕತ್ತಿದ್ವಿ. ಮೆಕ್ಯಾನಿಕ್ ಪಾವಟಿಗಿ ಮ್ಯಾಲ ಕುಂತ ಬಿಟ್ಟ. "ಸಾವಕಾರ್ರ, ಪ್ಲೇಟಿಗೆ ಏನೂ ಆಗಿಲ್ರಿ. ಊಟಕ್ಕ ಕುಂತಾವ!"

"ಸೀರಿ ಹಾಸಾಕ ಇದ ಜಾಗಾ ಸಿಕ್ಕಿತೇನು?" ಅಂತ ಸಾವಕಾರ ಗುಡಗಿದ.

ಸಾವಕಾರ್ತಿ ತಣ್ಣಗ ಅಂದ್ಲು, "ಇಳಕಲ್ ಸೀರಿ ಇರೂದ ಪ್ಲೇಟಿಗೆ ಅಂತ ನೀವ ಕಲಿಸೀರಿ."

ಸಾವಕಾರ ಮೆಕ್ಯಾನಿಕ್‌ನ ಮಾರಿ ನೋಡಿದ, ಓಣಿ ಕಡಿ ನೋಡಿದ. ಆಮ್ಯಾಲ ಸಣ್ಣ ದನಿಲೆ ನನಗ ಅಂದ, "ಆಯಿ, ಇನ್ನ ಎಷ್ಟ ದಿನ ಬೇಕು?"

"ಎರಡು ಬಿಸಲಪಾ."

"ಒಣಗಿಸ್ಕೋರಿ. ಆದ್ರ ಲಗ್ನ ಮುಗಿಯೂತನಕ ಈ ಸುದ್ದಿ ನಿಮ್ಮ ಬಾಯಾಗಿಂದ ಹೊರಗ ಬೀಳಬಾರದು. ಬಿದ್ರ ಹಪ್ಪಳ ಓಣಿಗೆ."

ಎರಡ ಬಿಸಲಿನ್ಯಾಗ ಹಪ್ಪಳ ಗರಗರಿ ಒಣಗಿದ್ವು. ನನ್ನ ಹೊಟ್ಟಿ ಮಾತ್ರ ಸುದ್ದಿ ತುಂಬಿ ಕರದ ಹಪ್ಪಳದಂಗ ಉಬ್ಬಿತ್ತು.

ಲಗ್ನದಾಗ ಗಂಡಿನ ಕಡಿ ಹೆಂಗಸರು ಹಪ್ಪಳ ಮುಟ್ಟಿ ನೋಡಿ, "ಭಾಳ ಛಲೋ ಆಗ್ಯಾವ," ಅಂದ್ರು. ಸಾವಕಾರ ರುಖವತದ ಮಗ್ಗಲ ನಿಂತು ಬಂದಬಂದವರಿಗೆ, "ಇವು ನಮ್ಮ ಮಾಳಿಗಿ ಮ್ಯಾಲ ಒಣಗಿದ್ದು. ನಾನ ಮುಂದ ನಿಂತು ಒಣಗಿಸೀನಿ," ಅನ್ನಾಕತ್ತಿದ್ದ. ನಾ ಎದರಿಗೇ ಕುಂತಿದ್ದೆ. ತುಟಿ ಬಿಚ್ಚಲಿಲ್ಲ.

ಬಾಸಿಂಗ ಕಟ್ಟಿಕೊಂಡ ಮೊಮ್ಮಗಳು ಗಾಬರಿಯಾಗಿ ನನ್ನ ಹತ್ತರ ಬಗ್ಗಿದ್ಲು. "ಆಯಿ, ಆಗಿಂದ ಸುಮ್ಮನ ಕುಂತಿ. ಡಾಕ್ಟರ್‌ನ ಕರಸಲೇನು?"

ಬ್ಯಾಡ ಅಂತ ಕೈ ಮಾಡಿದೆ. ಲಗ್ನ ಮುಗಿಯೂತನಕ ಅಂದಿದ್ದ ಸಾವಕಾರ.

ನಿನ್ನಿ ಮುಗೀತು.