ಶಿಲ್ಕುವಿನ ಬಾಬ್ತು

ನಾಯಿಮರಿ ಮಾಳಿಗೆಯಿಂದ ಬೀಳಬಹುದಿತ್ತು. ಹಾಲಿನ ಪಾತ್ರೆಯಲ್ಲಿ ತಲೆ ಸಿಕ್ಕಿಸಿಕೊಳ್ಳಬಹುದಿತ್ತು. ಓಣಿಯ ಮಂಗಗಳು ಎತ್ತಿಕೊಂಡು ಹೋಗಬಹುದಿತ್ತು. ಹೆದ್ದಾರಿಯ ಲಾರಿ, ಕಬ್ಬಿನ ಹೊಲದ ಹಾವು, ವಾಂತಿಭೇದಿ, ಪಕ್ಕದ ಮನೆಯವರ ಜಗಳ, ಪೊಲೀಸ್ ಠಾಣೆ, ಕೋರ್ಟು! ಮರಿ ಕಾಲಿಗೆ ಸುತ್ತಿಕೊಂಡು ಕಾಕಾ ಬಿದ್ದು, ಸೊಂಟ ಮುರಿದು, ಅವರನ್ನು ಕಲಬುರಗಿಗೆ ಒಯ್ಯುವ ದಾರಿಯಲ್ಲಿ ನನ್ನ ಕಾರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿಯಲ್ಲೂ ಗಾಳಿ ಇರದೇ ಹೋಗಬಹುದಿತ್ತು. ನನ್ನ ಹತ್ತಿರ ಕಾರೇ ಇಲ್ಲವಲ್ಲ ಎಂಬುದು ನೆನಪಾದದ್ದು ಇಷ್ಟೆಲ್ಲ ಚಿಂತೆ ಮಾಡಿ ಮುಗಿದ ಮೇಲೆ.

ಇದ್ಯಾವುದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ತೀರಾ ಸಣ್ಣದು. ಅದನ್ನು ಹೇಳುವ ಮೊದಲು ನಮ್ಮ ಕಾಕಾನ ಬಗ್ಗೆ ಹೇಳಬೇಕು. ಈ ಭೂಮಂಡಲದಲ್ಲಿ ನಾಯಿಮರಿಯೊಂದಕ್ಕೆ ವಾರ್ಷಿಕ ಬಜೆಟ್ ಮಂಡಿಸಿದ ಏಕೈಕ ಅರ್ಥಮಂತ್ರಿ ಅವರೇ ಇರಬೇಕು ಎಂದು ನನ್ನ ಅನುಮಾನ!

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಬಸವಕಲ್ಯಾಣದ ಪೇಟೆಯಲ್ಲಿ ನಲವತ್ತು ವರ್ಷ ಪಾತ್ರೆ ಅಂಗಡಿ ನಡೆಸಿದವರು. ಈಗ ಅಂಗಡಿ ಮಗನ ಕೈಯಲ್ಲಿದೆ, ಲೆಕ್ಕ ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ಕೆಲಸ ಕಳೆದುಕೊಂಡ ಕೆಂಪು ರಟ್ಟಿನ ಕೀರ್ದಿ ಪುಸ್ತಕ ಕಾಕಾನ ಜೊತೆ ಮನೆಗೆ ಬಂತು. ಬಂದದ್ದು ಸುಮ್ಮನೆ ಕೂಡಬೇಕಲ್ಲ? ಕಂಡ ಕಂಡದ್ದಕ್ಕೆಲ್ಲ ಬಜೆಟ್ ಶುರುವಾಯಿತು. ಹುಮನಾಬಾದಿನಿಂದ ನಾನು ಬರುತ್ತೇನೆಂದು ಫೋನ್ ಮಾಡಿದರೆ ಸಾಕು, ಪುಸ್ತಕದಲ್ಲಿ ಏರಿಬಿಡುತ್ತಿತ್ತು: 'ಚಾ ಎರಡು. ಚೂಡಾ ಒಂದು ಪ್ಲೇಟು. ಹರಟೆ ಒಂದೂವರೆ ತಾಸು.' ಒಮ್ಮೆ ಎರಡು ತಾಸು ಕುಳಿತೆ. ಕಾಕಾ ಗಡಿಯಾರ ನೋಡಿ, "ತಮ್ಮಾ, ಈ ಅರ್ಧ ತಾಸು ಮುಂದಿನ ಸಲ ಕಟ್ ಮಾಡ್ತೀನಿ" ಎಂದರು. ಮುಂದಿನ ಸಲ ಮಾತಿನ ಮಧ್ಯದಲ್ಲೇ ಎದ್ದು ನನ್ನ ಚೀಲ ನನ್ನ ಕೈಗೆ ಕೊಟ್ಟರು!

ಅವರ ಲೆಕ್ಕಕ್ಕೆ ಕಾನೂನುಗಳಿದ್ದವು. ಒಂದು ಬಾಬ್ತಿನ ದುಡ್ಡು ಇನ್ನೊಂದು ಬಾಬ್ತಿಗೆ ಮುಟ್ಟಕೂಡದು. ಹಾಲಿಗೆಂದು ಇಟ್ಟದ್ದರಲ್ಲಿ ಮೊಸರು ತರುವಂತಿಲ್ಲ. ಸಡಿಲಿಕೆ ಇದ್ದದ್ದು ಒಂದೇ ಕಡೆ. ಏಳು ವರ್ಷದವನಿದ್ದಾಗ ನಾನು ಅವರ ಅಂಗಡಿಯಲ್ಲಿ ಹೊಸ ಹಿತ್ತಾಳೆ ಕೊಡ ಕೆಡವಿ, ಹೊಟ್ಟೆಗೆ ಅಂಗೈಯಷ್ಟು ತಗ್ಗು ಬೀಳಿಸಿದ್ದೆ. ಕಾಕಾ ಪುಸ್ತಕ ತೆರೆದು ಪೆನ್ನಿನ ಟೊಪ್ಪಿಗೆ ತೆಗೆದರು. ನನಗೆ ಆಗಲೇ ಜೈಲಿನ ಕಂಬಿ ಕಾಣಿಸತೊಡಗಿತ್ತು (ಆಗಿನಿಂದಲೂ ನಾನು ಹೀಗೇ). ಅವರು ನನ್ನನ್ನೊಮ್ಮೆ ನೋಡಿದರು. ಟೊಪ್ಪಿಗೆ ಹಾಕಿ ಪೆನ್ನನ್ನು ಜೇಬಿಗಿಟ್ಟರು. "ಗಿರಾಕಿ ಕೆಡವಿದ್ದು ಬರೀಬೇಕು. ಮನಿ ಹುಡುಗ್ರು ಕೆಡವಿದ್ದು ಬರಿಯೋದಿಲ್ಲ" ಎಂದರು. ಅಷ್ಟೇ.

ಇಂಥ ಕಾಕಾ ದುಬಲಗುಂಡಿಯ ಬೀಗರ ಮನೆಯ ವಾಸ್ತುಶಾಂತಿಗೆ ಹೋದವರು, ಅಲ್ಲಿ ಕುರಿ ಕಾಯುವವರ ನಾಯಿ ಹಾಕಿದ ಮರಿಗಳನ್ನು ನೋಡಿ ಬಂದರು. ಹೋಳಿಗೆ ಹ್ಯಾಂಗಿತ್ತು ಎಂದು ಕೇಳಿದ ಕಾಕಿಗೆ, "ಕಿವಿ ಇಷ್ಟಿಷ್ಟೇ ಅದಾವ" ಎಂದರಂತೆ!

ಕಾಕಿ ಸುಲಭಕ್ಕೆ ಬಗ್ಗುವ ಪೈಕಿ ಅಲ್ಲ. ಹಿಂದೊಮ್ಮೆ ಕಾಕಾ ಬಜೆಟ್ ಇಲ್ಲದೆ ಮೀನಿನ ತೊಟ್ಟಿ ತಂದಿದ್ದರು. ಮೂರನೇ ತಿಂಗಳಿಗೆ ಮೀನು ಹೋದವು, ಕರೆಂಟ್ ಬಿಲ್ಲು ಉಳಿಯಿತು. ಈಗ ಅದರಲ್ಲಿ ಕಾಕಿ ಉಳ್ಳಾಗಡ್ಡಿ ತುಂಬಿಡುತ್ತಾರೆ.

"ಮರಿ ತರೂದಿದ್ರ ತರ್ರಿ. ಆದ್ರ ದೀಪಾವಳಿ ಪಾಡ್ಯದಿಂದ ಮುಂದಿನ ಪಾಡ್ಯದ ತನಕ ಇಡೀ ವರ್ಷದ್ದು ಈಗೇ ಬರೀಬೇಕು. ಪ್ರತಿ ಸೋಮವಾರ ನಾ ಪುಸ್ತಕ ನೋಡಾಕಿ. ಬರೀದೇ ಇದ್ದ ಬಾಬ್ತಿಗಿ ಒಂದು ರೂಪಾಯಿ ಹೋಯ್ತೋ, ಮರಿ ವಾಪಸ್ ದುಬಲಗುಂಡಿಗಿ!"

ಕಾಕಾ ಮರುದಿನವೇ ಹುಮನಾಬಾದಿಗೆ ಬಂದು ನನ್ನೆದುರು ಪುಸ್ತಕ ಬಿಚ್ಚಿದರು. ಹನ್ನೆರಡು ಹಾಳೆಯ ನೆತ್ತಿಯ ಮೇಲೆ ಕಾರ್ತಿಕದಿಂದ ಆಶ್ವೀಜದವರೆಗೆ ಹನ್ನೆರಡು ತಿಂಗಳ ಹೆಸರು ಆಗಲೇ ಬರೆದಿದ್ದರು.

"ನಿನ್ನಂಥ ಅಂಜುಬುರುಕ ಈ ಜಿಲ್ಲಾದಾಗ ಇನ್ನೊಬ್ಬಾಂವ ಇಲ್ಲ. ಏನೇನ್ ಕೆಡಬಹುದು ಹೇಳ್ಕೋತ ಹೋಗು, ನಾ ಬರ್ಕೋತೀನಿ."

ನಲವತ್ತೆಂಟು ವರ್ಷದಲ್ಲಿ ನನ್ನ ಚಿಂತೆಗೆ ಗಿರಾಕಿ ಬಂದದ್ದು ಅದೇ ಮೊದಲು! ನಾನು ಉಬ್ಬಿಹೋದೆ. ಇಂಜೆಕ್ಷನ್ನು, ಹೇನಿನ ಪುಡಿ, ಚಳಿಗೆ ಕಂಬಳಿ ತುಂಡು, ಸರಪಳಿ, ಸರಪಳಿ ಹರಿದರೆ ಎರಡನೇ ಸರಪಳಿ. ಕಾಕಾ ಬರೆದೇ ಬರೆದರು.

"ಚಪ್ಪಲಿ ಕಡೀತಾವ ಕಾಕಾ."

"ಬರ್ದೀನಿ. ನಾಕು ಜೋಡು. ಸೊಸಿದು ಎರಡು, ಮಗಂದು ಒಂದು, ನಿಂದು ಒಂದು."

"ನಂದು ಯಾಕ? ನಾ ಇಲ್ಲಿರ್ತೀನಲ್ಲ!"

"ಚಾ ಕುಡೀಲಾಕ ಬರ್ತೀಯಲ್ಲ."

ದುಬಲಗುಂಡಿಗೆ ನಾನೂ ಜೊತೆ ಹೋದೆ. ಅಲ್ಲಿ ಬಜೆಟ್ಟಿಗೆ ಮೊದಲ ಪೆಟ್ಟು ಬಿತ್ತು. ಕುರಿಗಾರ ದುಡ್ಡು ಮುಟ್ಟಲೊಲ್ಲ!

"ಮರಿ ಮಾರಾಂಗಿಲ್ರಿ ಸಾವ್ಕಾರ್ರ. ಇದರ ತಾಯಿಗಿ ಹೊಟ್ಟಿ ತುಂಬ ಉಣ್ಣಿಸ್ರಿ, ಎತ್ತಿಕೊಂಡ್ ಹೋಗ್ರಿ."

"ಖರೀದಿ ಬಾಬ್ತಿಗಿ ಎರಡು ಸಾವಿರ ಬರ್ದೀನಲ್ಲಪಾ!"

"ಅಳಿಸ್ರಿ."

"ಪೆನ್ನಿಲೆ ಬರ್ದೀನೋ ಮಾರಾಯಾ!"

ದುಡ್ಡು ತಗೋ ಎಂದು ಕೊಳ್ಳುವವನು, ಒಲ್ಲೆ ಎಂದು ಕೊಡುವವನು. ಇಂಥ ಚೌಕಾಶಿ ನೀವೆಲ್ಲಾದರೂ ನೋಡಿದ್ದೀರಾ? ಕೊನೆಗೆ ಕುರಿಗಾರನೇ ಗೆದ್ದ. ಆದರೆ ತಾಯಿನಾಯಿಯ ಊಟಕ್ಕೆ ಪುಸ್ತಕದಲ್ಲಿ ಬಾಬ್ತು ಎಲ್ಲಿದೆ? ಕಾಕಾ ಒಂದು ಕ್ಷಣ ಯೋಚಿಸಿ, ಕಾಕಿ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿ, ನಾಲ್ಕು ರೊಟ್ಟಿಯನ್ನೂ ಮೊಸರನ್ನೂ ಅದರ ಮುಂದಿಟ್ಟರು. ಅದು ಅವರ ಸ್ವಂತ ಊಟದ ಬಾಬ್ತು, ಅದಕ್ಕೆ ಅವರೇ ಮಾಲೀಕರು! ಮಧ್ಯಾಹ್ನವಿಡೀ ಹಸಿದುಕೊಂಡೇ ಮರಿಯನ್ನು ಎದೆಗವಚಿಕೊಂಡು ಬಂದರು. ಬರುವಾಗ ಕುರಿಗಾರ ಹೇಳಿದ: "ಸಾಕೂದು ಆಗ್ಲಿಲ್ಲಂದ್ರ ನನಗೇ ತಂದು ಬಿಡ್ರಿ. ಬ್ಯಾರೆಯವ್ರಿಗಿ ಕೊಡಬ್ಯಾಡ್ರಿ."

ಮರಿಯ ಹೆಸರು ಶಿಲ್ಕು. ದಿನದ ಲೆಕ್ಕ ಮುಗಿದ ಮೇಲೆ ಕೈಯಲ್ಲಿ ಉಳಿಯುವುದಕ್ಕೆ ಅಂಗಡಿಯವರು ಹೇಳುವ ಮಾತು ಅದು. ಖರೀದಿಯ ಎರಡು ಸಾವಿರ ಉಳಿಯಿತಲ್ಲ, ಆ ಖುಷಿಗೆ! ಆ ದುಡ್ಡನ್ನು ಕಾಕಾ ಲಕೋಟೆಗೆ ಹಾಕಿ, ಮೇಲೆ 'ಖರೀದಿ' ಎಂದು ಬರೆದು, ಯಾವುದಕ್ಕೂ ಮುಟ್ಟದಂತೆ ಬೀರುವಿನಲ್ಲಿಟ್ಟರು.

ಶಿಲ್ಕು ಬಜೆಟ್ ಪ್ರಕಾರವೇ ಬೆಳೆಯಿತು. ದನದ ದವಾಖಾನೆಯ ಡಾಕ್ಟರು ದಿನಕ್ಕೊಂದು ತತ್ತಿ ಕೊಡಿ ಎಂದಾಗ ನಮ್ಮ ಮನೆಯಲ್ಲಿ ಭೂಕಂಪವಾಗುವುದಿತ್ತು. "ಲಿಂಗ ಕಟ್ಟಿದ ಮನ್ಯಾಗ ತತ್ತಿನಾ?" ಎಂದು ಕಾಕಿ ಎದೆ ಮೇಲೆ ಕೈಯಿಟ್ಟುಕೊಂಡರು. ಡಾಕ್ಟರು ಪಾಪ, ಹಾಲು, ಬೇಳೆ, ಶೇಂಗಾ ಎಂದು ಇಳಿದರು. ಪ್ರತಿ ಸೋಮವಾರ ಕಾಕಿ ಕನ್ನಡಕ ಏರಿಸಿ, ಸಾಲು ಸಾಲಿಗೂ ಬೆರಳಿಟ್ಟು ಓದುತ್ತಿದ್ದರು. "ಹಾಲು ಅರ್ಧ ಲೀಟರ್ ಯಾಕ? ಮಂಗಳವಾರ ಪಾವು ಲೀಟರ್ ಇತ್ತಲ್ಲ?" ಕಾಕಾ ಎದುರು ಕುಳಿತು ಹಳೇ ಅಂಗಡಿಯ ಗತ್ತಿನಲ್ಲಿ ಜವಾಬು ಕೊಡುತ್ತಿದ್ದರು. ಶಿಲ್ಕು ಇಬ್ಬರ ನಡುವೆ ಆರೋಪಿಯಂತೆ ಕೂಡುತ್ತಿತ್ತು.

ಏಳು ತಿಂಗಳು ಹೀಗೆ ಹೋಯಿತು. ಆಮೇಲೆ ಬಂತು ನೋಡಿ, ಅಧಿಕ ಮಾಸ!

ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಬರುವ ಈ ಹೆಚ್ಚಿನ ತಿಂಗಳೆಂದರೆ ನಮ್ಮ ಕಡೆ ಅಳಿಯಂದಿರಿಗೆ ಸುಗ್ಗಿ. ಕರೆದು, ಹೊಸ ಬಟ್ಟೆ ಕೊಟ್ಟು, ಕಜ್ಜಾಯದಂಥ ಅನಾರಸ ಉಣ್ಣಿಸಿ ಕಳಿಸಬೇಕು. ಕಾಕಾ ಮನೆಯ ಬಜೆಟ್ಟಿನಲ್ಲಿ ಮೂವರು ಅಳಿಯಂದಿರ ಅಂಗಿ, ಧೋತರ, ಅನಾರಸದ ತುಪ್ಪದವರೆಗೆ ಎಲ್ಲ ಹಿಡಿದಿದ್ದರು. ಆದರೆ ಆ ತಿಂಗಳು ನಾಯಿಯೂ ಉಣ್ಣುತ್ತದೆ ಎಂಬುದೊಂದನ್ನು ಮರೆತಿದ್ದರು! ಶಿಲ್ಕುವಿನ ಪುಸ್ತಕದಲ್ಲಿ ವೈಶಾಖದ ಹಾಳೆ ತಿರುವಿದರೆ ನೇರ ನಿಜ ಜ್ಯೇಷ್ಠ. ನಡುವಿನ ತಿಂಗಳಿಗೆ ಹಾಳೆಯೇ ಇಲ್ಲ. ಪುಣ್ಯಾತ್ಮನಾದ ನಾನು, ಸ್ಟೆಪ್ನಿಯ ಗಾಳಿಯ ತನಕ ಯೋಚಿಸಿದವನು, ಪಂಚಾಂಗ ನೋಡಿರಲಿಲ್ಲ!

"ಏನ್ರಿ, ಈ ತಿಂಗಳು ನಾಯಿ ಉಪಾಸ ಏನು?" ಎಂದು ಕಾಕಿ ನಕ್ಕರಂತೆ. ಕಾಕಾ ನಗಲಿಲ್ಲ. ಹಾಳೆಯಿಲ್ಲದ ತಿಂಗಳಿಗೆ ಒಂದು ರೂಪಾಯಿ ಹೋದರೂ ಷರತ್ತು ಮುರಿದಂತೆ!

ಮರುದಿನ ಬೆಳಿಗ್ಗೆ ಕಾಕಿಯ ಫೋನು: "ತಮ್ಮಾ, ನಾ ಜಳಕ ಮಾಡಿ ಬರೂದ್ರಾಗ ನಿಮ್ಮ ಕಾಕಾ ಶಿಲ್ಕುನ ಕಟ್ಕೊಂಡು ಹೊಂಟ್ ಹೋಗ್ಯಾರ. ನಿಮ್ಮೂರಾಗ ಇಳಿದು ದುಬಲಗುಂಡಿ ಬಸ್ ಹತ್ತೂದ್ರಾಗ ಹಿಡಿ!"

ನಾನು ಹುಮನಾಬಾದ ಬಸ್ ನಿಲ್ದಾಣಕ್ಕೆ ಓಡಿದೆ. ದುಬಲಗುಂಡಿಯ ಬಸ್ಸು ಹೊರಬೀಳುತ್ತಿತ್ತು. ಕಾಕಾ ಮಾತ್ರ ಬೆಂಚಿನ ಮೇಲೆ ಕುಳಿತಿದ್ದರು. ಕಾಲ ನಡುವೆ ಶಿಲ್ಕು, ತೊಡೆಯ ಮೇಲೆ ಪುಸ್ತಕದ ಚೀಲ. ಪಕ್ಕದಲ್ಲಿ ಕುಳಿತು ಉಸಿರು ಬಿಟ್ಟೆ, ಕಾಲು ಚಪ್ಪಲಿಯಿಂದ ಹೊರತೆಗೆದು ಚಾಚಿದೆ.

"ಬಸ್ ಹೋಯ್ತಲ್ಲ ಕಾಕಾ?"

"ಬಾಳ ಗದ್ದಲ ಇತ್ತು."

"ಅದಕ್ಕೂ ಮೊದಲಿಂದು?"

"ಅದರಾಗ ಒಬ್ಬರೂ ಇರ್ಲಿಲ್ಲ. ಅನುಮಾನ ಬಂತು."

ಕಾಕಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಏನ್ರಿ, ಉಪಾಸ ಅಂತ ಚಾಷ್ಟಿ ಮಾಡಿದ್ದು ತಿಳಿಯಂಗಿಲ್ಲೇನ್ರಿ ನಿಮಗ? ಮೂರು ಮಂದಿ ಅಳಿಯಂದ್ರಿಗಿ ಎಲಿ ಹಾಕಾಕತ್ತೀನಿ. ಅವರ್ಯಾರೂ ನಮ್ಮ ಬಾಗಲಾ ಕಾಯಂಗಿಲ್ಲ. ನಾಕನೇ ಎಲಿ ಶಿಲ್ಕುಗ ಹಾಕ್ತೀನಿ. ಈ ತಿಂಗಳದ್ದು ಅಳಿಯಂದ್ರ ಊಟದ ಬಾಬ್ತಿನಾಗ ಬರೀರಿ!"

ಕಾಕಾ ಕಾನೂನು ತಡಕಾಡಿದರು. ಊಟದ ದುಡ್ಡು ಊಟಕ್ಕೇ ಹೋಗುತ್ತದೆ. ತಪ್ಪು ಸಿಗಲಿಲ್ಲ. "ಹಂಗಂದ್ರ ಷರತ್ತು ಯಾಕ ಹಾಕಿದ್ದಿ?" ಎಂದರು, ಸಣ್ಣ ದನಿಯಲ್ಲಿ.

ಆ ಕಡೆ ಕಾಕಿ ಒಲೆ ಸಣ್ಣ ಮಾಡಿದ ಸದ್ದು ಕೇಳಿಸಿತು.

"ಅಂಗಡಿ ಬಿಟ್ಟ ಮ್ಯಾಲ ನೀವು ಬರದಿದ್ದು ಯಾರ್ ನೋಡ್ತಿದ್ರು? ಒಬ್ಬರಾದ್ರೂ ನೋಡವ್ರು ಬೇಕಲ್ಲ. ಬರ್ರಿ ಇನ್ನ, ಅನಾರಸ ಆರಾಕತ್ತಾವ."

ಕಾಕಾ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾನು ಬಸ್ಸುಗಳ ಬೋರ್ಡು ಓದುವವನಂತೆ ಆ ಕಡೆ ನೋಡಿದೆ. ಆಮೇಲೆ ಏಳಲೆಂದು ಕಾಲು ಇಳಿಸಿದೆ. ಬಲಗಾಲಿಗೆ ಚಪ್ಪಲಿ ಸಿಕ್ಕಿತು. ಎಡಗಾಲಿಗೆ ಬರೀ ಅಟ್ಟೆ ಸಿಕ್ಕಿತು.

ಕಾಕಾನ ಮುಖ ಬೆಳಗಿತು. "ಚಪ್ಪಲಿ ಬಾಬ್ತು! ನಿಂದು ಒಂದು! ಹೇಳಿದ್ದೆನೋ ಇಲ್ಲೋ?" ಎಂದು ಪುಸ್ತಕ ಎಳೆದು ತೆಗೆದರು. ಪೆನ್ನಿನ ಟೊಪ್ಪಿಗೆ ತೆಗೆದರು. ಶಿಲ್ಕುವಿನ ಕಡೆ ನೋಡಿದರು. ಅದು ಕಿವಿ ಜೋಲಿಸಿ, ತಲೆ ತಗ್ಗಿಸಿ ಕುಳಿತಿತ್ತು. ಚಪ್ಪಲಿಯ ಪಟ್ಟಿ ಇನ್ನೂ ಬಾಯಲ್ಲೇ ನೇತಾಡುತ್ತಿತ್ತು.

ಕಾಕಾ ಟೊಪ್ಪಿಗೆ ಹಾಕಿ ಪೆನ್ನನ್ನು ಜೇಬಿಗಿಟ್ಟರು.

ಬಸವಕಲ್ಯಾಣದ ಬಸ್ಸಿಗೆ ನಾನು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹತ್ತಿದೆ.